ಪಿನ್‌ಹೋಲ್ ಕನ್ನಡಕ ಬದಿಗಿಡಿ, ಮೊದಲು ಸೂಜಿಯ ದೂರ ಅಳೆಯಿರಿ

ಅಕ್ಕಾ, ನಮ್ಮ ಕಸೂತಿ ಗುಂಪಿನಲ್ಲಿ ನೀವು ಹಾಕಿದ ಫೋಟೋ ನೋಡಿ ಸುಮ್ನೆ ಇರಲು ಆಗಲಿಲ್ಲ. ತೂತು ತೂತಿನ ಆ ಕಪ್ಪು ಪ್ಲಾಸ್ಟಿಕ್ ಕನ್ನಡಕ ನನ್ನ ಕಪಾಟಿನಲ್ಲೂ ಒಂದು ಬಿದ್ದಿದೆ. ವಯಸ್ಸು ನಲವತ್ತೇಳು, ಮ್ಯಾಟಿ ಬಟ್ಟೆಯ (ಎಳೆ ಎಣಿಸಿ ಕಸೂತಿ ಹಾಕುವ ಚೌಕ ನೇಯ್ಗೆಯ ಬಟ್ಟೆ) ಎಳೆ ಕಾಣಿಸುತ್ತಿಲ್ಲ, ಸಂಜೆಯಾದರೆ ಪೂರ್ತಿ ಮಂಜು, ಪಿನ್‌ಹೋಲ್ ಹಾಕಿಕೊಂಡರೆ ಮೊಬೈಲ್ ಅಕ್ಷರ ಚೆನ್ನಾಗಿ ಕಂಡಿತು, ದಿನಾ ಹದಿನೈದು ನಿಮಿಷ ಹಾಕಿದರೆ ನಂಬರ್ ಇಳಿಯುತ್ತದಂತೆ, ನಿಜವಾ ಅಂತ ಕೇಳಿದ್ದೀರಿ. ಇಳಿಯುವುದಿಲ್ಲ. ಆದರೆ ಅಕ್ಷರ ಚೆನ್ನಾಗಿ ಕಂಡಿದ್ದು ಸುಳ್ಳಲ್ಲ. ಎಲ್ಲರೂ ಮೋಸ ಹೋಗುವುದು ಅಲ್ಲೇ.

ಸಣ್ಣ ತೂತಿನಿಂದ ಬೆಳಕಿನ ತೆಳುವಾದ ಎಳೆ ಮಾತ್ರ ಒಳಗೆ ಹೋಗುತ್ತದೆ. ಹರಡಿಕೊಂಡು ಮಂಜಾಗಬೇಕಾದ ಸುತ್ತಲಿನ ಬೆಳಕನ್ನು ಆ ಪ್ಲಾಸ್ಟಿಕ್ ತಡೆಯುತ್ತದೆ, ಅದಕ್ಕೇ ಸ್ಪಷ್ಟ. ಕಣ್ಣು ಕಿರಿದು ಮಾಡಿ ಬಸ್ಸಿನ ಬೋರ್ಡ್ ಓದುತ್ತೇವಲ್ಲ, ಅದೂ ಇದೇ. ಕಣ್ಣೊಳಗಿನ ಮಸೂರಕ್ಕೆ ಏನೂ ಆಗಿರುವುದಿಲ್ಲ. ನಲವತ್ತರ ಮೇಲೆ ಅದು ಗಟ್ಟಿಯಾಗುತ್ತಾ ಹೋಗುತ್ತದೆ, ಹತ್ತಿರದ್ದಕ್ಕೆ ಉಬ್ಬುವುದಿಲ್ಲ, ಚಾಳೀಸು ಬರುವುದು ಹಾಗೆ. ವ್ಯಾಯಾಮ ಮಾಡಿಸಿದರೂ, ತೂತಿನಲ್ಲಿ ನೋಡಿದರೂ ಅದು ಮೆತ್ತಗಾಗುವುದಿಲ್ಲ. ಅಮೆರಿಕದಲ್ಲಿ ಬೇಟ್ಸ್ ಅಂತ ಒಬ್ಬ ಡಾಕ್ಟರ್ 1920ರ ಸುಮಾರಿಗೇ ಕನ್ನಡಕವೇ ಬೇಡ, ವ್ಯಾಯಾಮ ಸಾಕು ಅಂತ ಹೇಳಿಕೊಂಡು ಹೋದ. ನೂರು ವರ್ಷವಾದರೂ ಆ ಸರಕು ಹೊಸ ಹೊಸ ಡಬ್ಬಿಯಲ್ಲಿ ಬರುತ್ತಲೇ ಇದೆ.

ಪಿನ್‌ಹೋಲಿಗೆ ಒಂದು ನಿಜವಾದ ಉಪಯೋಗ ಇದೆ, ಅದು ಕಣ್ಣಿನ ಡಾಕ್ಟರ ಹತ್ತಿರ. ತೂತಿರುವ ಕಪ್ಪು ಚಮಚದಂಥದ್ದನ್ನು ಕಣ್ಣಿನ ಮುಂದೆ ಹಿಡಿದು ಬೋರ್ಡ್ ಓದಿಸುತ್ತಾರೆ ನೋಡಿ, ಅದೇ ಇದು. ಓದಲು ಬಂದರೆ ತೊಂದರೆ ನಂಬರಿನದು, ಗಾಜು ಹಾಕಿದರೆ ಸರಿಹೋಗುತ್ತದೆ. ಬರದಿದ್ದರೆ ಪೊರೆಯೋ, ರೆಟಿನಾನೋ, ಬೇರೇನೋ ಹುಡುಕಬೇಕು. ನಿಮಗೆ ಸ್ಪಷ್ಟ ಕಂಡಿತು ಅಂದರೆ ಬಹುಶಃ ಸರಿಯಾದ ಗಾಜು ಸಾಕು ಅಂತ ಅರ್ಥ. ಇಷ್ಟು ತಿಳಿಯಲು ದುಡ್ಡು ಕೊಡಬೇಕಿರಲಿಲ್ಲ. ಹಳೇ ವಿಸಿಟಿಂಗ್ ಕಾರ್ಡಿಗೆ ಸೂಜಿಯಿಂದ ಒಂದು ತೂತು ಚುಚ್ಚಿ, ಒಂದು ಕಣ್ಣು ಮುಚ್ಚಿ, ಇನ್ನೊಂದಕ್ಕೆ ಹತ್ತಿರ ಹಿಡಿದು ನೋಡಿದರೆ ಆಯಿತು. ಹಾಗಂತ ಇದನ್ನೇ ತಪಾಸಣೆ ಅಂದುಕೊಂಡು ಡಾಕ್ಟರ ಹತ್ತಿರ ಹೋಗುವುದನ್ನು ಬಿಡಬೇಡಿ. ಕಣ್ಣಿನ ನರ ಹಾಳುಮಾಡುವ ಗ್ಲಕೋಮಾ ಶುರುವಿನಲ್ಲಿ ಇಂಥ ಯಾವ ಪರೀಕ್ಷೆಗೂ ಸಿಕ್ಕುವುದಿಲ್ಲ, ನೋವೂ ಇರುವುದಿಲ್ಲ.

ಇನ್ನು ಆ ಪಿನ್‌ಹೋಲ್ ಹಾಕಿಕೊಂಡು ಗವಂತಿ (ಎಳೆ ಎಣಿಸುತ್ತಾ ಹೋಗಿ, ಬಿಟ್ಟ ಜಾಗ ತುಂಬುತ್ತಾ ವಾಪಸ್ ಬರುವ ಕಸೂತಿ ಹೊಲಿಗೆ) ಹಾಕುತ್ತೇನೆ ಅಂದಿದ್ದೀರಿ. ದಯವಿಟ್ಟು ಬೇಡ. ಮ್ಯಾಟಿಯ ಚೌಕದ ಮೇಲೆ ಆ ಕನ್ನಡಕದ ತೂತುಗಳ ಜಾಲ ಬಂದು ಕೂರುತ್ತದೆ. ತಲೆ ಸ್ವಲ್ಪ ಅಲ್ಲಾಡಿದರೆ ಜಾಲವೂ ಸರಿಯುತ್ತದೆ, ಎಣಿಸುತ್ತಿದ್ದ ಎಳೆ ತಪ್ಪುತ್ತದೆ. ಸಂಜೆ ಇನ್ನೂ ಕಷ್ಟ. ಬೆಳಕು ಕಡಿಮೆಯಾದಾಗ ಕಣ್ಣಿನ ಪಾಪೆ ಹಿಗ್ಗುತ್ತದೆ, ಒಂದು ತೂತಿನ ಬದಲು ಎರಡು ಮೂರು ತೂತಿನಿಂದ ಒಟ್ಟಿಗೆ ನೋಡುತ್ತದೆ, ಒಂದು ಎಳೆ ಎರಡಾಗಿ ಕಾಣುತ್ತದೆ. ಗವಂತಿಯಲ್ಲಿ ಹೋಗುವಾಗ ಒಂದು ಎಳೆ ತಪ್ಪಿದರೆ ಆಗ ಗೊತ್ತಾಗುವುದಿಲ್ಲ, ವಾಪಸ್ ಬರುವಾಗ ಗೋಪುರದ ತುದಿ ಕೂಡುವುದಿಲ್ಲ. ಗಂಟು ಬೇರೆ ಹಾಕುವ ಹಾಗಿಲ್ಲ. ನಾನು ಒಂದು ತೇರಿನ ಚಿತ್ತಾರ ಪೂರ್ತಿ ಬಿಚ್ಚಿದ್ದೇನೆ, ಅಷ್ಟೇ ಹೇಳುತ್ತೇನೆ. ಹಾಕಿಕೊಂಡು ಮೆಟ್ಟಿಲು ಇಳಿಯುವುದು, ಸ್ಕೂಟಿ ಹತ್ತುವುದು ಅಂತೂ ಬೇಡವೇ ಬೇಡ, ಪಕ್ಕದಿಂದ ಬರುವುದು ಏನೂ ಕಾಣುವುದಿಲ್ಲ.

ಕೆಳಗೆ ಯಾರೋ "ಹನಿ ಹಾಕಿದರೆ ಕನ್ನಡಕ ಬೇಡ" ಅನ್ನುವ ಹಳೇ ಸುದ್ದಿ ಅಂಟಿಸಿದ್ದಾರೆ. ಅದೂ ಪಿನ್‌ಹೋಲ್ ಉಪಾಯವೇ. ಪೈಲೋಕಾರ್ಪಿನ್ ಹನಿ ಪಾಪೆಯನ್ನೇ ಕೆಲವು ಗಂಟೆ ಚಿಕ್ಕದು ಮಾಡುತ್ತದೆ. ಅಮೆರಿಕದಲ್ಲಿ 2021ರಲ್ಲಿ ಚಾಳೀಸಿಗೆ ಅಂತ ಒಪ್ಪಿಗೆ ಸಿಕ್ಕಿತು. ನಮ್ಮಲ್ಲಿ 2024ರ ಆಗಸ್ಟ್‌ನಲ್ಲಿ ಒಂದು ಮುಂಬೈ ಕಂಪನಿಗೆ ಒಪ್ಪಿಗೆ ಕೊಟ್ಟು, ಒಪ್ಪಿಗೆ ಇಲ್ಲದ ಪ್ರಚಾರ ಮಾಡಿದರು ಅಂತ ಸೆಪ್ಟೆಂಬರ್‌ನಲ್ಲೇ ತಡೆಹಿಡಿದರು. ಹನಿಯ ಪರಿಣಾಮ ಕೆಲವು ಗಂಟೆ ಮಾತ್ರ, ಕತ್ತಲಲ್ಲಿ ಇನ್ನೂ ಮಸುಕು, ಕೆಲವರಿಗೆ ತಲೆನೋವು. ಡಾಕ್ಟರ್ ನೋಡದೆ ಹಾಕುವ ವಸ್ತು ಅಲ್ಲ.

ಈಗ ಕೆಲಸಕ್ಕೆ ಬರುವ ಮಾತು. ಇದನ್ನು ನಾನು ಯಾರಿಗೆ ಸಿಕ್ಕರೂ ಹೇಳುತ್ತೇನೆ, ಮನೆಯಲ್ಲಿ ನಗುತ್ತಾರೆ, ನಗಲಿ. ಕಣ್ಣು ತೋರಿಸಲು ಹೋಗುವ ಮೊದಲು ನಿಮ್ಮ ಸೂಜಿಯ ದೂರ ಅಳೆಯಿರಿ. ದಿನಾ ಎಲ್ಲಿ ಕೂರುತ್ತೀರೋ ಅಲ್ಲೇ ಕೂತು, ಬಟ್ಟೆ ಕೈಗೆ ತೆಗೆದುಕೊಂಡು ನಾಲ್ಕು ಹೊಲಿಗೆ ಹಾಕಿ, ಭುಜ ಸಡಿಲ ಬಿಡಿ. ಆಗ ಮನೆಯವರು ಯಾರಾದರೂ ಟೇಪಿನಲ್ಲಿ ಕಣ್ಣಿನ ಪಕ್ಕದಿಂದ ಸೂಜಿಯ ತುದಿಗೆ ಅಳೆಯಲಿ. "ಅಳೆಯುತ್ತಿದ್ದಾರೆ" ಅಂತ ನೆಟ್ಟಗೆ ಕೂತರೆ ತಪ್ಪು ಅಳತೆ ಬರುತ್ತದೆ. ಪುಸ್ತಕ ಓದುವಾಗ ಸಾಮಾನ್ಯವಾಗಿ 40 ಸೆಂಟಿಮೀಟರ್ ಇರುತ್ತದೆ. ಮ್ಯಾಟಿಯ ಮೇಲೆ ಕಸೂತಿ ಹಾಕುವಾಗ ನನ್ನದು 33 ಹತ್ತಿರ. ಇಳಕಲ್ ಸೀರೆಯ ಮೇಲೆ ನೇರ ಎಳೆ ಎಣಿಸುವಾಗ ಇನ್ನೂ ಹತ್ತಿರ.

ಇದು ಯಾಕೆ ಮುಖ್ಯ ಅಂದರೆ, 100ನ್ನು ಆ ಸೆಂಟಿಮೀಟರಿನಿಂದ ಭಾಗಿಸಿದರೆ ಆ ದೂರಕ್ಕೆ ಬೇಕಾದ ಪವರ್ ಬರುತ್ತದೆ. 40ಕ್ಕೆ 2.5, 33ಕ್ಕೆ 3, 25ಕ್ಕೆ 4. ಅಷ್ಟೂ ಗಾಜಿನಿಂದಲೇ ಬರಬೇಕಿಲ್ಲ. ನಿಮ್ಮ ವಯಸ್ಸಿಗೆ ಕಣ್ಣು ಇನ್ನೂ ಸ್ವಲ್ಪ ತಾನೇ ಮಾಡುತ್ತದೆ, ಉಳಿದಿದ್ದು ಗಾಜು. ಆದ್ದರಿಂದ ಈ ಲೆಕ್ಕ ಹಿಡಿದುಕೊಂಡು ನೀವೇ ನಂಬರ್ ಬರೆದುಕೊಳ್ಳಬೇಡಿ, ಮತ್ತೆ ನನ್ನನ್ನು ಬೈಯಬೇಡಿ. ಆದರೆ ಓದುವ ದೂರಕ್ಕೆ ಕೊಟ್ಟ ಕನ್ನಡಕದಲ್ಲಿ ಎಳೆ ಯಾಕೆ ಕಾಣುವುದಿಲ್ಲ ಅಂತ ಇದರಿಂದ ಗೊತ್ತಾಗುತ್ತದೆ. ಚೆಕ್ ಮಾಡುವವರು ಓದುವ ಕಾರ್ಡ್ ಕೊಡುತ್ತಾರೆ, ನಾವು ಜಾಣರ ಹಾಗೆ ಕೊನೇ ಸಾಲು ಓದಿ ಎದ್ದು ಬರುತ್ತೇವೆ. ಕಸೂತಿ ಹಾಕುತ್ತೇನೆ, ಸೂಜಿ ಇಷ್ಟು ದೂರ ಇರುತ್ತದೆ ಅಂತ ಒಬ್ಬರಾದರೂ ಹೇಳುತ್ತೇವಾ?

ಬಟ್ಟೆಯನ್ನೇ ತೆಗೆದುಕೊಂಡು ಹೋಗಿ. ಅರ್ಧ ಹಾಕಿದ ತುಂಡು, ದಾರ ಪೋಣಿಸಿದ ಸೂಜಿ, ಟೇಪು. ಗಾಜು ಬದಲಿಸಿ ಬದಲಿಸಿ ನೋಡುವ ಟ್ರಯಲ್ ಫ್ರೇಮ್ ಹಾಕಿದಾಗ ಕಾರ್ಡ್ ಪಕ್ಕಕ್ಕಿಟ್ಟು ಇದನ್ನು ಹಿಡಿದು ಎಳೆ ಎಣಿಸಿ. ಹಿಂದೆ ಸಾಲು ಇರುತ್ತದೆ, ಗೊಣಗುತ್ತಾರೆ, ಗೊಣಗಲಿ. ಎರಡು ಮೂರು ಪವರಿನಲ್ಲಿ ಎಳೆ ಕಂಡರೆ ಅದರಲ್ಲಿ ಕಡಿಮೆಯದನ್ನು ಆರಿಸಿ. ಇದು ತುಂಬಾ ಮುಖ್ಯ. ಪವರ್ ಜಾಸ್ತಿಯಾದಷ್ಟೂ ಸ್ಪಷ್ಟ ಕಾಣುವ ಜಾಗ ಮುಖದ ಹತ್ತಿರ ಬರುತ್ತದೆ, ಚಿಕ್ಕದೂ ಆಗುತ್ತದೆ, ಬಟ್ಟೆ ಮೂಗಿಗೆ ತಗಲುವಷ್ಟು ಬಗ್ಗಬೇಕಾಗುತ್ತದೆ, ಕುತ್ತಿಗೆ ಹಿಡಿಯುತ್ತದೆ. ಮೇಲೆ ಒಬ್ಬರು "ಪ್ಲಸ್ 3 ತಗೊಳ್ಳಿ, ದೊಡ್ಡದಾಗಿ ಕಾಣುತ್ತೆ" ಅಂದಿದ್ದಾರಲ್ಲ, ಅವರ ವಯಸ್ಸೇನೋ, ಕಣ್ಣೇನೋ. ಬೇರೆಯವರ ನಂಬರ್ ಹೇಳಬೇಡಿ ಅಂತ ಈ ಗುಂಪಿನಲ್ಲಿ ಎಷ್ಟು ಸಲ ಹೇಳುವುದು?

ದೂರದ್ದಕ್ಕೆ ಮೈನಸ್ ಇರುವವರಿಗೆ ಒಂದು ಬಿಟ್ಟಿ ಸೌಲಭ್ಯ ಇದೆ. ಮೈನಸ್ 3 ಹತ್ತಿರ ಇದ್ದು ಸಿಲಿಂಡರ್ (ಕಣ್ಣಿನ ಬಾಗು ಎಲ್ಲ ಕಡೆ ಒಂದೇ ಸಮ ಇಲ್ಲದವರಿಗೆ ಕೊಡುವ ನಂಬರ್) ಇಲ್ಲದಿದ್ದರೆ ಕನ್ನಡಕ ತೆಗೆದಿಟ್ಟು ಹೊಲಿಗೆ ಹಾಕಿ ನೋಡಿ, 33 ಸೆಂಟಿಮೀಟರಿನಲ್ಲಿ ಎಳೆ ನಿಚ್ಚಳ ಕಾಣುತ್ತದೆ.

ಮೆಡಿಕಲ್ ಶಾಪಿನಲ್ಲಿ ಸಿಗುವ ರೆಡಿಮೇಡ್ ಕನ್ನಡಕವನ್ನು ನಾನು ಬೈಯುವುದಿಲ್ಲ. ಎರಡೂ ಕಣ್ಣಿಗೆ ಒಂದೇ ಪವರ್, ಸಿಲಿಂಡರ್ ಇಲ್ಲ, ಅಂಥವರಿಗೆ ಸಾಕು. ಕಣ್ಣು ಹಾಳಾಗುತ್ತದೆ ಅನ್ನುವುದು ಸುಳ್ಳು. ಅಂಗಡಿಯಲ್ಲೇ ಒಂದೊಂದೇ ಕಣ್ಣು ಮುಚ್ಚಿ ನೋಡಿ, ಎರಡರಲ್ಲೂ ಒಂದೇ ಥರ ಕಾಣಬೇಕು. ಹತ್ತು ನಿಮಿಷಕ್ಕೆ ಹುಬ್ಬಿನ ನಡುವೆ ಎಳೆದ ಹಾಗಾದರೆ ಗಾಜಿನ ಮಧ್ಯ ನಿಮ್ಮ ಕಣ್ಣಿನ ಮಧ್ಯಕ್ಕೆ ಕೂರುತ್ತಿಲ್ಲದೆ ಇರಬಹುದು, ಬಿಡಿ ಅದನ್ನು. ಆದರೆ ಮೊದಲ ಸಲ ಮಾತ್ರ ಡಾಕ್ಟರಿಗೆ ತೋರಿಸದೆ ಕೊಳ್ಳಬೇಡಿ.

ಪ್ರೋಗ್ರೆಸಿವ್ (ದೂರದ್ದು, ಹತ್ತಿರದ್ದು ಒಂದೇ ಗಾಜಿನಲ್ಲಿ ಇರುವುದು) ಮಾಡಿಸಲಾ ಅಂತ ಕೇಳಿದ್ದಿರಿ. ಮದುವೆಗೆ, ಮಾರ್ಕೆಟ್ಟಿಗೆ, ಬ್ಯಾಂಕಿಗೆ ಚೆನ್ನಾಗಿರುತ್ತದೆ. ಕಸೂತಿಗೆ ಬೇಡ. ಹತ್ತಿರ ನೋಡುವ ಜಾಗ ಗಾಜಿನ ಕೆಳಗೆ ಸಣ್ಣದಾಗಿ ಇರುತ್ತದೆ, ಗದ್ದ ಎತ್ತಿ ಕೂರಬೇಕು, ಪಕ್ಕಕ್ಕೆ ನೋಡಿದರೆ ಮ್ಯಾಟಿಯ ನೇರ ಗೆರೆ ಬಾಗಿದ ಹಾಗೆ ಕಾಣುತ್ತದೆ. ಕೂತು ಮಾಡುವ ಕೆಲಸಕ್ಕೆ ಪೂರ್ತಿ ಗಾಜೂ ಒಂದೇ ಪವರ್ ಇರುವ ಸಾದಾ ಕನ್ನಡಕದಷ್ಟು ಸುಖ ಯಾವುದೂ ಇಲ್ಲ. ಅದಕ್ಕೆ ದೊಡ್ಡ ಬ್ರ್ಯಾಂಡೂ ಬೇಡ. ಎಸಿಲಾರ್, ಝೈಸ್ ಅಂತ ದುಡ್ಡು ಸುರಿಯುವುದಿದ್ದರೆ ಪ್ರೋಗ್ರೆಸಿವ್‌ಗೆ ಸುರಿಯಿರಿ, ಅಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ. ಪ್ಲಸ್ 2ರ ಸಾದಾ ಗಾಜಿಗೆ ಸಿಆರ್ 39 ಅನ್ನುವ ಸಾಮಾನ್ಯ ಪ್ಲಾಸ್ಟಿಕ್ ಸಾಕು, "ತೆಳು ಗಾಜು, ಹೈ ಇಂಡೆಕ್ಸ್ ಹಾಕಿಸಿ ಮೇಡಂ" ಅಂದರೆ ಬೇಡ ಅನ್ನಿ. ಆಂಟಿ ಗ್ಲೇರ್ ಹಾಕಿಸಿ, ಲ್ಯಾಂಪ್ ಕೆಳಗೆ ಕೂರುವವರಿಗೆ ಅದು ಬೇಕು. ನೀಲಿ ಬೆಳಕು ತಡೆಯುವ ಬ್ಲೂ ಕಟ್ ಬೇಡ. 2023ರಲ್ಲಿ ವೈದ್ಯಕೀಯ ಪ್ರಯೋಗಗಳನ್ನು ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯವರು 17 ಪ್ರಯೋಗ ಒಟ್ಟಿಗೆ ಇಟ್ಟು ನೋಡಿ, ಕಂಪ್ಯೂಟರ್ ನೋಡಿ ಕಣ್ಣು ದಣಿಯುವುದಕ್ಕೂ ಅದರಿಂದ ಉಪಯೋಗ ಕಾಣುವುದಿಲ್ಲ ಅಂದರು. ನಮಗೆ ಇನ್ನೊಂದು ತೊಂದರೆ, ಕೆಲವು ಬ್ಲೂ ಕಟ್ ಗಾಜಿಗೆ ಹಳದಿ ಛಾಯೆ ಇರುತ್ತದೆ. ಆಂಕರ್ ದಾರದ ಬಿಳಿ ಯಾವುದು ಕ್ರೀಮ್ ಯಾವುದು ಗೊತ್ತಾಗುವುದಿಲ್ಲ, ಹಗಲು ನೋಡಿದಾಗ ನವಿಲಿನ ಅರ್ಧ ಬೇರೆ ಬಣ್ಣ.

ಸಂಜೆ ಮಂಜು ಅಂದಿರಲ್ಲ, ಅದರಲ್ಲಿ ಅರ್ಧ ತಪ್ಪು ಬೆಳಕಿನದು. ಇಪ್ಪತ್ತರ ಕಣ್ಣಿಗೆ ಹೋಲಿಸಿದರೆ ಅರವತ್ತರ ಕಣ್ಣೊಳಗೆ ಸುಮಾರು ಮೂರನೇ ಒಂದು ಭಾಗ ಬೆಳಕು ಮಾತ್ರ ತಲುಪುತ್ತದೆ. ನಾವು ಆ ದಾರಿಯಲ್ಲೇ ಇದ್ದೇವೆ. ಅದರ ಮೇಲೆ ಪಿನ್‌ಹೋಲ್ ಹಾಕಿ ಇರುವ ಬೆಳಕನ್ನೂ ಮುಚ್ಚಿದರೆ ಏನು ಬಂತು? ಬಾಗುವ ಕತ್ತಿನ ಒಂದು ಎಲ್‌ಇಡಿ ಟೇಬಲ್ ಲ್ಯಾಂಪ್ ತಗೊಳ್ಳಿ. ಬಲಗೈಯವರು ಎಡಗಡೆಯಿಂದ ಬೆಳಕು ಬೀಳುವ ಹಾಗೆ ಇಡಿ, ಇಲ್ಲದಿದ್ದರೆ ಕೈಯ ನೆರಳೇ ಸೂಜಿಯ ಮೇಲೆ. ಕಪ್ಪು ಚಂದ್ರಕಾಳಿ ಸೀರೆ ಹಿಡಿದಾಗ ತೊಡೆಯ ಮೇಲೆ ಬಿಳೀ ಪಂಚೆ ಹಾಸಿಕೊಳ್ಳಿ, ಎಳೆಗಳ ನಡುವಿನ ಸಂದು ಬೆಳ್ಳಗೆ ಕಾಣುತ್ತದೆ. ಕಪ್ಪು ಬಟ್ಟೆಗೆ ಕನ್ನಡಕದಷ್ಟೇ ಇದೂ ಮುಖ್ಯ, ಮತ್ತೆ ಹಗಲಲ್ಲೇ ಮಾಡಿ.

ಅಷ್ಟಾದರೂ ಸಾಲದಿದ್ದರೆ ಅಕ್ಕಸಾಲಿಗರು ಹಣೆಗೆ ಕಟ್ಟಿಕೊಳ್ಳುವ ಲೆನ್ಸ್ ನೋಡಿ, ಕನ್ನಡಕದ ಮೇಲೇ ಹಾಕಬಹುದು, ಎರಡು ಪಟ್ಟು ಸಾಕು. ಕುತ್ತಿಗೆಗೆ ನೇತುಹಾಕುವ ಭೂತಗನ್ನಡಿ ನನಗೆ ಒಗ್ಗಲಿಲ್ಲ, ಉಸಿರಾಡಿದಾಗೆಲ್ಲ ಅಲ್ಲಾಡುತ್ತದೆ. ಯಾವುದೇ ಭೂತಗನ್ನಡಿಯನ್ನು ಬಿಸಿಲು ಬೀಳುವ ಕಿಟಕಿಯ ಹತ್ತಿರ ಬಟ್ಟೆಯ ಮೇಲೆ ಬಿಟ್ಟು ಹೋಗಬೇಡಿ, ಬೆಂಕಿ ಹೊತ್ತುತ್ತದೆ.

ಎಲ್ಲ ಮಂಜೂ ಚಾಳೀಸಲ್ಲ ಅನ್ನುವುದೂ ಗೊತ್ತಿರಲಿ. ಕಣ್ಣು ಮಿಟುಕಿಸಿದರೆ ಸರಿಹೋಗಿ ಮತ್ತೆ ಮಸುಕಾದರೆ ಅದು ಸಾಮಾನ್ಯವಾಗಿ ಒಣಗಣ್ಣು. ಎಣಿಸುವಾಗ ನಾವು ಮಿಟುಕಿಸುವುದೇ ಇಲ್ಲ, ಮೇಲೆ ಫ್ಯಾನ್ ಬೇರೆ. ಒಂದು ದಿನ ಸ್ಪಷ್ಟ ಒಂದು ದಿನ ಮಂಜು ಅಂದರೆ ಶುಗರ್ ಚೆಕ್ ಮಾಡಿಸಿ. ಶುಗರ್ ಏರಿಳಿಯುತ್ತಿರುವಾಗ ನಂಬರೂ ಏರಿಳಿಯುತ್ತದೆ, ಆಗ ಮಾಡಿಸಿದ ಕನ್ನಡಕ ದಂಡ. ಅರವತ್ತರ ಮೇಲಿನವರಿಗೆ ಇದ್ದಕ್ಕಿದ್ದಂತೆ ಕನ್ನಡಕವಿಲ್ಲದೆ ಪೇಪರ್ ಓದಲು ಬಂದರೆ ಕಣ್ಣು ಸುಧಾರಿಸಿತು ಅಂತ ಖುಷಿಪಡಬೇಡಿ, ಪೊರೆ ಬರುವಾಗಲೂ ಹಾಗಾಗುತ್ತದೆ. ಪೊರೆಗೆ ಹೆದರುವ ಕಾಲ ಹೋಯಿತು. ನಮ್ಮ ಅಜ್ಜಿಗೆ, ಊರೂರಿಗೆ ಹೋಗಿ ಕಣ್ಣಿನ ಆಪರೇಷನ್ ಮಾಡುತ್ತಿದ್ದ ಎಂ. ಸಿ. ಮೋದಿ ಡಾಕ್ಟರ ಕ್ಯಾಂಪಿನಲ್ಲಿ ಪೊರೆ ತೆಗೆದಿದ್ದರು, ಸುಮಾರು ಪ್ಲಸ್ 10ರ ದಪ್ಪ ಗಾಜು ಹಾಕಿಕೊಂಡೇ ಅಕ್ಕಿ ಆರಿಸುತ್ತಿದ್ದಳು. ಈಗ ಲೆನ್ಸ್ ಒಳಗೇ ಕೂರಿಸುತ್ತಾರೆ. ಆದರೂ ಸಾದಾ ಲೆನ್ಸ್ ಹಾಕಿಸಿದರೆ ಸಾಮಾನ್ಯವಾಗಿ ಹತ್ತಿರದ್ದಕ್ಕೆ ಕನ್ನಡಕ ಬೇಕು, ಆಪರೇಷನ್ನಿಗೆ ಮೊದಲೇ ನಿಮ್ಮ ಸೂಜಿಯ ದೂರ ಹೇಳಿಬಿಡಿ.

ಒಂದೊಂದೇ ಕಣ್ಣಿನಲ್ಲಿ ಗ್ರಾಫ್ ಹಾಳೆ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಗೆರೆ ಅಂಕುಡೊಂಕು ಕಂಡರೆ ಅಥವಾ ನಡುವೆ ಒಂದು ಚುಕ್ಕೆ ಅಳಿಸಿದ ಹಾಗಾದರೆ ರೆಟಿನಾ ಡಾಕ್ಟರ ಹತ್ತಿರ ಹೋಗಿ, ತಡ ಮಾಡಬೇಡಿ. ಮಿಂಚು ಹೊಡೆದ ಹಾಗೆ, ಪರದೆ ಬಿದ್ದ ಹಾಗೆ, ಅಥವಾ ಕಣ್ಣು ಕೆಂಪಾಗಿ ವಿಪರೀತ ನೋವು ಬಂದರೆ ಅವತ್ತೇ ಹೋಗಬೇಕು.

ಕಣ್ಣಿಗೆ ಜೇನುತುಪ್ಪ ಹಾಕಿ, ಈರುಳ್ಳಿ ರಸ ಹಾಕಿ ಅಂತ ಬರೆದವರೇ, ಅದನ್ನು ಅಳಿಸಿ. ಕರಿಗುಡ್ಡೆಗೆ ಸೋಂಕು ಹತ್ತಿ ಹುಣ್ಣಾದರೆ ಕಲೆ ಉಳಿಯುತ್ತದೆ, ಯಾವ ಕನ್ನಡಕಕ್ಕೂ ಹೋಗುವುದಿಲ್ಲ. ಮೆಡಿಕಲ್ ಶಾಪಿನವರು ಕೊಟ್ಟ ಹನಿಯನ್ನು ತಿಂಗಳುಗಟ್ಟಲೆ ಹಾಕುವುದೂ ಬೇಡ, ಅದರಲ್ಲಿ ಸ್ಟೆರಾಯ್ಡ್ ಇದ್ದರೆ ಕಣ್ಣೊಳಗಿನ ಒತ್ತಡ ಏರಬಹುದು.

ಮತ್ತೆ ದಾರ ಪೋಣಿಸಲು ಆಗುತ್ತಿಲ್ಲ ಅಂದಿರಿ. 24ನೇ ನಂಬರಿನ ಮೊಂಡು ಸೂಜಿ ತಗೊಳ್ಳಿ, ಸೂಜಿಯ ಕಣ್ಣು ಉದ್ದ ಇರುತ್ತದೆ, ಮ್ಯಾಟಿಗೆ ಅದೇ ಸರಿ. ದಾರವನ್ನು ಓರೆಯಾಗಿ ಕತ್ತರಿಸಿ. ಹೋಗದಿದ್ದರೆ ಸೂಜಿಯನ್ನು ತಿರುಗಿಸಿ ಹಿಡಿಯಿರಿ, ಒಂದು ಕಡೆಯಿಂದ ಸಲೀಸಾಗಿ ಹೋಗುತ್ತದೆ. ಆ ಪಿನ್‌ಹೋಲಿಗೆ ವಾಪಸ್ ಕಳಿಸುವ ಗಡುವು ಇನ್ನೂ ಇದ್ದರೆ ಇವತ್ತೇ ಕಳಿಸಿಬಿಡಿ.