ಘಟಿಕೋತ್ಸವ ಯಾರದು? ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಘಟಿಕೋತ್ಸವಕ್ಕೆ ಸಂಬಂಧಿಸಿದವು. ಪದವಿ ಪಡೆಯಲಿರುವವರು, ಸಮಾರಂಭದ ಹೊಣೆ ಹೊತ್ತವರು, ಭಾಷಣಕ್ಕೆ ಆಹ್ವಾನ ಪಡೆದವರು ಬೇರೆ ಬೇರೆಯಾಗಿ ಬರೆದಿದ್ದರೂ ಎಲ್ಲರ ಮನಸ್ಸಿನಲ್ಲಿರುವುದು ಹೆಚ್ಚುಕಡಿಮೆ ಒಂದೇ ಸಂಗತಿಯಾದ್ದರಿಂದ, ಅವನ್ನು ಒಟ್ಟಿಗೆ ಇಟ್ಟುಕೊಂಡು ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ನನ್ನ ಸ್ನಾತಕೋತ್ತರ ವ್ಯಾಸಂಗ ಮುಗಿದಿದೆ. ಅಂಕಪಟ್ಟಿ ಕೈಸೇರಿದೆ, ಕೆಲಸವೂ ಸಿಕ್ಕಿದೆ, ಪದವಿ ಪ್ರಮಾಣಪತ್ರ ಅಂಚೆಯಲ್ಲಿ ಬರುತ್ತದೆ. ಹೀಗಿರುವಾಗ ರಜೆ ಹಾಕಿ, ನಿಲುವಂಗಿ ಬಾಡಿಗೆಗೆ ಪಡೆದು, ಕ್ಷಣಮಾತ್ರ ವೇದಿಕೆ ಹತ್ತಿ ಇಳಿಯುವುದಕ್ಕಾಗಿ ಘಟಿಕೋತ್ಸವಕ್ಕೆ ಹೋಗಬೇಕೆ?

ಉತ್ತರ: ಹೋಗಿ ಎಂದೇ ಹೇಳುತ್ತೇನೆ. ಪ್ರಮಾಣಪತ್ರವು ಕೆಲಸ ಕೊಡುವವರಿಗೆ ಬೇಕಾದ ದಾಖಲೆ. ಅಂಚೆಯಲ್ಲಿ ಬಂದ ಮಾತ್ರಕ್ಕೆ ಅದರ ಬೆಲೆ ಕುಗ್ಗುವುದಿಲ್ಲ. ಆದರೆ ನೀವು ಓದಿದ ಸಂಸ್ಥೆಯು ನಿಮ್ಮ ಗುರುಗಳು, ಸಹಪಾಠಿಗಳು, ಮನೆಯವರು ಕೂಡಿರುವ ಸಭೆಯಲ್ಲಿ ನಿಮ್ಮ ಹೆಸರನ್ನು ಗಟ್ಟಿಯಾಗಿ ಕರೆದು, ಇವರು ಈ ವಿದ್ಯೆಗೆ ಅರ್ಹರೆಂದು ಸಾರುವುದು ಬೇರೆಯೇ ಸಂಗತಿ. ಮಧ್ಯಯುಗದ ಯುರೋಪಿನ ವಿಶ್ವವಿದ್ಯಾಲಯಗಳಲ್ಲಿ ಪದವಿಯೆಂದರೆ ಪಾಠ ಹೇಳುವ ಅಧಿಕಾರವಾಗಿತ್ತು. ಪರೀಕ್ಷೆಯಲ್ಲಿ ತೇರ್ಗಡೆಯಾದವನು ಸಭೆಯ ಮುಂದೆ ತನ್ನ ವಿದ್ಯೆಯನ್ನು ತೋರಿಸಿ, ಗುರುಗಳ ಕೈಯಿಂದ ಪುಸ್ತಕ, ಉಂಗುರ, ಟೊಪ್ಪಿಗೆಗಳನ್ನು ಪಡೆದ ಮೇಲೆಯೇ ಅವನನ್ನು ಗುರುಗಳ ಬಳಗಕ್ಕೆ ಸೇರಿಸಿಕೊಳ್ಳುತ್ತಿದ್ದರು. ಸಭೆ ಕಣ್ಣಾರೆ ಕಾಣದ ಪದವಿ ಆಗ ಪೂರ್ಣವಾದ ಪದವಿಯೇ ಆಗಿರಲಿಲ್ಲ.

ಈ ಸಭೆಯ ಮನ್ನಣೆಗೆ ಎಷ್ಟು ಬೆಲೆಯಿದೆ ಎಂಬುದು ಅದು ದೊರೆಯದೇ ಹೋದವರ ಚರಿತ್ರೆಯಲ್ಲಿ ಚೆನ್ನಾಗಿ ಕಾಣುತ್ತದೆ. ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ವಿಶ್ವವಿದ್ಯಾಲಯಗಳಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಮಹಿಳೆಯರು ಪುರುಷರ ಜೊತೆಯಲ್ಲೇ ಪರೀಕ್ಷೆ ಬರೆದು ತೇರ್ಗಡೆಯಾಗುತ್ತಿದ್ದರು, ಆದರೆ ಅವರಿಗೆ ಪದವಿ ಪ್ರದಾನ ಮಾಡುತ್ತಿರಲಿಲ್ಲ. 1904ರಿಂದ 1907ರವರೆಗೆ ಡಬ್ಲಿನ್‌ನ ಟ್ರಿನಿಟಿ ಕಾಲೇಜು ಇಂಥವರಿಗೆ ಪದವಿ ಕೊಡಲು ಒಪ್ಪಿದಾಗ, 700ಕ್ಕೂ ಹೆಚ್ಚು ಮಹಿಳೆಯರು ಉಗಿಹಡಗು ಹತ್ತಿ ಸಮುದ್ರ ದಾಟಿ ಹೋದರು. ಅವರಲ್ಲಿ ಅನೇಕರು ಓದು ಮುಗಿಸಿ ವರ್ಷಗಳೇ ಕಳೆದಿದ್ದವು, ಆಗಲೇ ಶಾಲೆಗಳಲ್ಲಿ ಪಾಠ ಹೇಳುತ್ತಿದ್ದರು. ಅವರ ವಿದ್ಯೆ ಆ ಪ್ರಯಾಣದಿಂದ ಒಂದಿಷ್ಟೂ ಹೆಚ್ಚಲಿಲ್ಲ, ಆದರೂ ನಿಲುವಂಗಿ ತೊಟ್ಟು ಸಭೆಯ ಮುಂದೆ ನಿಂತು ಪದವಿ ಸ್ವೀಕರಿಸುವುದಕ್ಕಾಗಿ ಅವರು ಅಷ್ಟು ದೂರ ಹೋದರು. ಆಕ್ಸ್‌ಫರ್ಡ್ ಮಹಿಳೆಯರಿಗೆ ಪದವಿ ಕೊಡಲಾರಂಭಿಸಿದ್ದು 1920ರಲ್ಲಿ, ಕೇಂಬ್ರಿಜ್ 1948ರಲ್ಲಿ. ನಿಮಗೆ ದೂರದ ಪ್ರಯಾಣದ ಖರ್ಚು ಹೊರೆಯಾಗುವುದಾದರೆ ಅಥವಾ ರಜೆ ಸಿಗದೇ ಹೋದರೆ ಗೈರುಹಾಜರಿಯಲ್ಲಿ ಪದವಿ ಪಡೆಯುವುದರಲ್ಲಿ ಕುಂದೇನೂ ಇಲ್ಲ. ಆದರೆ ಸುಮ್ಮನೆ ಉದಾಸೀನದಿಂದ ಬಿಡಬೇಡಿ. ನಿಮ್ಮನ್ನು ಓದಿಸಿದವರಿಗೆ ನಿಮ್ಮ ಓದನ್ನು ಕಣ್ಣಾರೆ ಕಾಣುವ ಅವಕಾಶ ಬೇರೆ ಎಲ್ಲಿಯೂ ಇರುವುದಿಲ್ಲ. ಗ್ರಂಥಾಲಯದಲ್ಲಿ ನೀವು ಕಳೆದ ರಾತ್ರಿಗಳನ್ನು ಅವರು ನೋಡಿಲ್ಲ, ಪರೀಕ್ಷೆಯ ಕೊಠಡಿಯೊಳಗೆ ಅವರು ಬಂದಿಲ್ಲ.

ಪ್ರಶ್ನೆ: ಮೈತುಂಬ ನಿಲುವಂಗಿ, ತಲೆಯ ಮೇಲೆ ಚೌಕದ ಟೊಪ್ಪಿಗೆ, ಹೆಗಲ ಮೇಲೆ ಬಣ್ಣದ ಪಟ್ಟಿ. ಇವಕ್ಕೆ ಏನಾದರೂ ಅರ್ಥವಿದೆಯೇ?

ಉತ್ತರ: ಇದೆ. ಮಧ್ಯಯುಗದಲ್ಲಿ ವಿದ್ಯಾರ್ಥಿಗಳೂ ಗುರುಗಳೂ ಬಹುಪಾಲು ಚರ್ಚಿಗೆ ಸೇರಿದವರಾಗಿದ್ದು, ಚಳಿಯ ಕಟ್ಟಡಗಳಲ್ಲಿ ಉದ್ದನೆಯ ಉಡುಪನ್ನೂ ತಲೆಗವುಸನ್ನೂ ನಿತ್ಯವೂ ತೊಡುತ್ತಿದ್ದರು. ಇಂದಿನ ನಿಲುವಂಗಿ ಮತ್ತು ಹೆಗಲ ಪಟ್ಟಿ ಅಲ್ಲಿಂದ ಬಂದವು. ಒಂದೊಂದು ವಿಶ್ವವಿದ್ಯಾಲಯವೂ ತನ್ನದೇ ಪದ್ಧತಿಯನ್ನು ಇಟ್ಟುಕೊಂಡಿದೆ. ಅಮೆರಿಕದ ವಿಶ್ವವಿದ್ಯಾಲಯಗಳು ಮಾತ್ರ 1895ರಲ್ಲಿ ಒಂದು ಸಮಾನ ಸಂಹಿತೆಯನ್ನು ರೂಪಿಸಿಕೊಂಡವು. ಅದರಂತೆ ಹೆಗಲ ಪಟ್ಟಿಯ ಒಳಮೈಯಲ್ಲಿರುವ ಬಣ್ಣಗಳು ಪದವಿ ಕೊಟ್ಟ ಸಂಸ್ಥೆಯನ್ನೂ, ಅಂಚಿನ ಮಖಮಲ್ಲಿನ ಬಣ್ಣವು ಓದಿದ ವಿಷಯವನ್ನೂ ಸೂಚಿಸುತ್ತವೆ: ವೈದ್ಯಕೀಯಕ್ಕೆ ಹಸಿರು, ವಿಜ್ಞಾನಕ್ಕೆ ಹೊಂಬಣ್ಣ, ಕಾನೂನಿಗೆ ನೇರಳೆ. ತೋಳಿನ ಮೇಲೆ ಮೂರು ಮಖಮಲ್ಲಿನ ಪಟ್ಟೆಗಳಿದ್ದರೆ ತೊಟ್ಟವರು ಡಾಕ್ಟರೇಟ್ ಪಡೆದವರೆಂದು ದೂರದಿಂದಲೇ ತಿಳಿಯುತ್ತದೆ.

ನನಗೆ ಈ ಉಡುಪಿನಲ್ಲಿ ಮೆಚ್ಚುಗೆಯಾಗುವ ಗುಣ ಇನ್ನೊಂದಿದೆ. ಸಭಾಂಗಣದ ಒಳಗೆ ಸಾಲಾಗಿ ಬರುವ ನೂರಾರು ಜನರಲ್ಲಿ ಯಾರ ಮನೆಯಲ್ಲಿ ಎಷ್ಟು ಸಂಪತ್ತಿದೆ ಎಂಬುದನ್ನು ಅದು ಮರೆಮಾಡುತ್ತದೆ. ಕೆಲವು ಸಂಸ್ಥೆಗಳು ಹಳೆಯ ಗೌನಿನ ಬದಲು ತಮ್ಮ ನಾಡಿನ ನೇಯ್ಗೆಯ ಉಡುಪನ್ನು ಆರಿಸಿಕೊಳ್ಳುತ್ತವೆ, ಅದೂ ಸರಿಯೇ. ಎಲ್ಲರಿಗೂ ಒಂದೇ ಉಡುಪಿರಬೇಕು, ಅದನ್ನು ಬಾಡಿಗೆಗೆ ಪಡೆಯಲು ಯಾರೂ ಸಾಲ ಮಾಡುವಂತಾಗಬಾರದು, ಅಷ್ಟೇ. ಬಾಡಿಗೆಯನ್ನು ಭರಿಸಲಾಗದವರಿಗೆ ಸಂಸ್ಥೆಯೇ ಸದ್ದಿಲ್ಲದೆ ಒದಗಿಸಬೇಕು.

ಪ್ರಶ್ನೆ: ನಮ್ಮ ಸಂಸ್ಥೆಯ ಘಟಿಕೋತ್ಸವ ಸಮಿತಿಯಲ್ಲಿ ನಾನೊಬ್ಬ ಅಧ್ಯಾಪಕ. ಈ ವರ್ಷ ಸುಮಾರು 600 ಮಂದಿ ಪದವಿ ಪಡೆಯಲಿದ್ದಾರೆ. ಚಿನ್ನದ ಪದಕ ಮತ್ತು ಡಾಕ್ಟರೇಟ್ ಪಡೆದವರನ್ನು ಮಾತ್ರ ವೇದಿಕೆಗೆ ಕರೆದು, ಉಳಿದವರನ್ನು ಕುಳಿತಲ್ಲೇ ಎದ್ದು ನಿಲ್ಲಿಸಿ ಒಟ್ಟಾಗಿ ಪದವಿ ಕೊಟ್ಟುಬಿಡೋಣ, ಇಲ್ಲವಾದರೆ ಸಮಾರಂಭ ಮುಗಿಯುವುದೇ ಇಲ್ಲ ಎಂಬ ವಾದವಿದೆ. ತಮ್ಮ ಅಭಿಪ್ರಾಯವೇನು?

ಉತ್ತರ: ದಯವಿಟ್ಟು ಆ 600 ಹೆಸರುಗಳನ್ನೂ ಕರೆಯಿರಿ. ಲೆಕ್ಕ ಹಾಕಿ ನೋಡಿ: ಒಂದು ಹೆಸರಿಗೆ 8 ಸೆಕೆಂಡಿನಂತೆ ಹಿಡಿದರೆ 600 ಹೆಸರುಗಳಿಗೆ 80 ನಿಮಿಷ ಸಾಕು. ಸಮಾರಂಭಗಳು ಬೇಸರ ತರಿಸುವುದು ಹೆಚ್ಚಾಗಿ ಬೇರೆ ಕಾರಣಗಳಿಂದ. ಅತಿಥಿಗಳು ತಡವಾಗಿ ಬರುತ್ತಾರೆ, ಸ್ವಾಗತ ಭಾಷಣದಲ್ಲಿ ವೇದಿಕೆಯ ಮೇಲಿರುವ ಪ್ರತಿಯೊಬ್ಬರ ಬಿರುದುಗಳನ್ನೂ ಓದುತ್ತಾರೆ, ಹಾರ ಮತ್ತು ಸ್ಮರಣಿಕೆಗಳ ಸರದಿ ಮುಗಿಯುವುದಿಲ್ಲ, ಒಂದರ ಹಿಂದೆ ಒಂದು ಭಾಷಣವಾಗುತ್ತದೆ. ಅವನ್ನೆಲ್ಲ ಹಾಗೆಯೇ ಉಳಿಸಿಕೊಂಡು ವಿದ್ಯಾರ್ಥಿಗಳ ಹೆಸರುಗಳನ್ನು ಕೈಬಿಡುವುದೆಂದರೆ, ಯಾರಿಗಾಗಿ ಸಭೆ ಸೇರಿದೆಯೋ ಅವರನ್ನೇ ಪ್ರೇಕ್ಷಕರನ್ನಾಗಿ ಮಾಡಿದಂತೆ. ಮೊದಲು ಹೆಸರುಗಳಿಗೆ ಬೇಕಾದ ಸಮಯವನ್ನು ತೆಗೆದಿಟ್ಟು, ಉಳಿದದ್ದನ್ನು ಅತಿಥಿಗಳಿಗೆ ಹಂಚಿ. ಸಂಖ್ಯೆ ಸಾವಿರಗಳನ್ನು ಮುಟ್ಟುವ ವಿಶ್ವವಿದ್ಯಾಲಯಗಳು ಮುಖ್ಯ ಸಮಾರಂಭವನ್ನು ಚುಟುಕಾಗಿ ಮುಗಿಸಿ, ಬಳಿಕ ವಿಭಾಗವಾರು ಸಮಾರಂಭಗಳಲ್ಲಿ ಒಬ್ಬೊಬ್ಬರನ್ನೂ ಕರೆಯುವುದುಂಟು. ಅದು ಒಳ್ಳೆಯ ದಾರಿ. ಕೇಂಬ್ರಿಜ್‌ನಲ್ಲಿ ಇಂದಿಗೂ ನಾಲ್ಕು ನಾಲ್ಕು ಮಂದಿ ತಮ್ಮ ಕಾಲೇಜಿನ ಪ್ರತಿನಿಧಿಯ ಬಲಗೈಯ ಒಂದೊಂದು ಬೆರಳನ್ನು ಹಿಡಿದು ಮುಂದೆ ಬರುತ್ತಾರೆ, ನಂತರ ಹೆಸರು ಕರೆದಂತೆ ಒಬ್ಬೊಬ್ಬರಾಗಿ ಪೀಠದ ಮುಂದೆ ಮಂಡಿಯೂರಿ ಪದವಿ ಸ್ವೀಕರಿಸುತ್ತಾರೆ. ಶತಮಾನಗಳ ಹಳೆಯ ಸಂಸ್ಥೆಗೇ ಅಷ್ಟು ಬಿಡುವು ಇರುವಾಗ ನಮಗೆ ಇಲ್ಲವೆನ್ನಲಾಗದು.

ಹೆಸರನ್ನು ಕರೆಯುವುದಷ್ಟೇ ಅಲ್ಲ, ಸರಿಯಾಗಿ ಕರೆಯುವುದೂ ಮುಖ್ಯ. ನಾಲ್ಕಾರು ವರ್ಷ ಓದಿದವರ ಹೆಸರನ್ನು ಕೊನೆಯ ದಿನ, ಅವರ ತಂದೆತಾಯಿಯ ಎದುರಿನಲ್ಲೇ ತಪ್ಪಾಗಿ ಹೇಳುವುದು ಸಣ್ಣ ನೋವಲ್ಲ. ಕೆಲವು ವಾರ ಮೊದಲೇ ಪ್ರತಿ ವಿದ್ಯಾರ್ಥಿಯಿಂದ ತನ್ನ ಹೆಸರನ್ನು ಹೇಳಿಸಿ ಧ್ವನಿಮುದ್ರಿಸಿಕೊಳ್ಳಿ. ಓದುವವರು ಅದನ್ನು ಕೇಳಿ ಅಭ್ಯಾಸ ಮಾಡಲಿ. ಒಬ್ಬರ ಬದಲು ಇಬ್ಬರು ಸರದಿಯ ಮೇಲೆ ಓದಿದರೆ ಧ್ವನಿಯೂ ದಣಿಯುವುದಿಲ್ಲ. ಪ್ರತಿಯೊಬ್ಬರ ಕೈಯಲ್ಲೂ ಹೆಸರಿನ ಚೀಟಿಯೊಂದಿದ್ದು, ವೇದಿಕೆಯ ಮೆಟ್ಟಿಲ ಬಳಿ ಅವರೇ ಅದನ್ನು ಓದುವವರಿಗೆ ಕೊಡುವಂತಾದರೆ, ಯಾರೋ ಒಬ್ಬರು ಬಾರದಿದ್ದಾಗ ಸಾಲೆಲ್ಲ ತಪ್ಪಿ ಒಬ್ಬರ ಹೆಸರಿಗೆ ಇನ್ನೊಬ್ಬರು ನಡೆದು ಬರುವ ಗೊಂದಲ ತಪ್ಪುತ್ತದೆ. ವ್ಯಾಸಂಗದ ನಡುವೆ ತೀರಿಕೊಂಡ ವಿದ್ಯಾರ್ಥಿಗೆ ಮರಣೋತ್ತರ ಪದವಿ ಕೊಡುವುದಿದ್ದರೆ, ಮನೆಯವರನ್ನು ಮೊದಲೇ ಕಂಡು ಅವರ ಇಚ್ಛೆ ತಿಳಿದು, ಆ ಹೆಸರನ್ನು ಅದರ ತರಗತಿಯ ಹೆಸರುಗಳ ನಡುವೆಯೇ ಓದಿ.

ವೇದಿಕೆಗೆ ಇಳಿಜಾರು ದಾರಿ ಕಟ್ಟುವುದನ್ನು ಕೊನೆಯ ಗಳಿಗೆಗೆ ಬಿಡಬೇಡಿ. ಗಾಲಿಕುರ್ಚಿಯಲ್ಲಿರುವವರನ್ನು ಕೆಳಗೇ ನಿಲ್ಲಿಸಿ ಕುಲಪತಿಗಳು ಇಳಿದು ಬಂದು ಪದವಿ ಕೊಡುವುದನ್ನು ಸೌಜನ್ಯವೆಂದು ಎಣಿಸುವವರಿದ್ದಾರೆ, ನಾನು ಹಾಗೆ ಎಣಿಸುವುದಿಲ್ಲ. ಎಲ್ಲರೂ ಹತ್ತುವ ವೇದಿಕೆಯನ್ನು ಅವರೂ ಎಲ್ಲರೊಂದಿಗೆ ಹತ್ತಬೇಕು. ಸಾಧ್ಯವಾದರೆ ಇಡೀ ಸಾಲೇ ಇಳಿಜಾರು ದಾರಿಯಿಂದ ಬರಲಿ. ಚಪ್ಪಾಳೆಯನ್ನು ಕೊನೆಗೆ ಒಟ್ಟಿಗೆ ತಟ್ಟಿ ಎಂದು ಸಭೆಗೆ ಹೇಳುವ ರೂಢಿಯಿದೆ. ಮುಂದಿನ ಹೆಸರು ಕೇಳಿಸಲಿ ಎಂಬ ಕಾರಣ ನ್ಯಾಯವೇ, ಆದರೆ ಮಗಳ ಹೆಸರು ಕೇಳಿದ ತಾಯಿಯ ಕೈಗಳನ್ನು ತಡೆಯುವುದು ಯಾರಿಂದಲೂ ಆಗದು. ತಡೆಯುವ ಬದಲು ಓದುವವರೇ ಒಂದು ಉಸಿರಿನಷ್ಟು ನಿಲ್ಲಲಿ.

ಪ್ರಶ್ನೆ: ನಾನು ಓದಿದ ವಿಶ್ವವಿದ್ಯಾಲಯವೇ ಘಟಿಕೋತ್ಸವ ಭಾಷಣಕ್ಕೆ ಕರೆದಿದೆ. ಏನು ಮಾತನಾಡಲಿ, ಎಷ್ಟು ಹೊತ್ತು ಮಾತನಾಡಲಿ?

ಉತ್ತರ: ಹದಿನೈದು ನಿಮಿಷ ಮೀರಬೇಡಿ. ಎರಡನೆಯ ಮಹಾಯುದ್ಧದಿಂದ ನೆಲಕಚ್ಚಿದ್ದ ಯುರೋಪಿಗೆ ನೆರವು ನೀಡುವ ಯೋಜನೆಯನ್ನು ಅಮೆರಿಕದ ಅಂದಿನ ವಿದೇಶಾಂಗ ಸಚಿವ ಜಾರ್ಜ್ ಮಾರ್ಷಲ್ 1947ರ ಜೂನ್ 5ರಂದು ಹಾರ್ವರ್ಡ್‌ನಲ್ಲಿ, ಪದವಿ ಪ್ರದಾನದ ದಿನ ಮಾಡಿದ ಭಾಷಣದಲ್ಲಿ ಮುಂದಿಟ್ಟರು. ಅದಕ್ಕೂ ಅವರು ದೀರ್ಘ ಸಮಯ ತೆಗೆದುಕೊಳ್ಳಲಿಲ್ಲ. 2005ರಲ್ಲಿ ಸ್ಟ್ಯಾನ್‌ಫರ್ಡ್‌ನ ಪದವೀಧರರೆದುರು ನಿಂತ ಸ್ಟೀವ್ ಜಾಬ್ಸ್ ಕಾಲೇಜು ಓದನ್ನು ಪೂರ್ತಿ ಮಾಡದವರು. ಅವರು ತಮ್ಮ ಬದುಕಿನ ಮೂರು ಪ್ರಸಂಗಗಳನ್ನು ಹೇಳಿ ಮಾತು ಮುಗಿಸಿದರು, ಇಂದಿಗೂ ಜನ ಅದನ್ನು ಕೇಳುತ್ತಾರೆ. ಎರಡೂ ಕಡೆ ಮಾತನಾಡಿದವರಿಗೆ ಹೇಳಲು ಖಚಿತವಾದದ್ದೊಂದು ಇತ್ತು.

ಗುರುಕುಲದಿಂದ ಹೊರಡುವ ಶಿಷ್ಯರಿಗೆ ಆಚಾರ್ಯರು ಹೇಳುವ ಮಾತು ತೈತ್ತಿರೀಯ ಉಪನಿಷತ್ತಿನ ಶೀಕ್ಷಾವಲ್ಲಿಯಲ್ಲಿದೆ. ಸತ್ಯವನ್ನು ನುಡಿ, ಧರ್ಮದಲ್ಲಿ ನಡೆ, ಓದನ್ನು ಬಿಡಬೇಡ ಎಂಬ ಭಾಗ ಎಲ್ಲರಿಗೂ ಗೊತ್ತು. ಅಲ್ಲಿಯೇ ಆಚಾರ್ಯರು, ನಮ್ಮಲ್ಲಿರುವ ಒಳ್ಳೆಯ ನಡತೆಗಳನ್ನು ಮಾತ್ರ ಅನುಸರಿಸು, ಬೇರೆಯವನ್ನು ಬಿಡು ಎಂದೂ ಹೇಳುತ್ತಾರೆ. ಪದವೀಧರರ ಮುಂದೆ ನಿಲ್ಲುವ ಹಿರಿಯರಿಗೆ ಇದಕ್ಕಿಂತ ಒಳ್ಳೆಯ ಮಾದರಿ ನನಗೆ ತಿಳಿಯದು, ಏಕೆಂದರೆ ಇಲ್ಲಿ ಹೇಳುವವರು ತಮ್ಮನ್ನು ಪೂರ್ಣರೆಂದು ಬಿಂಬಿಸಿಕೊಳ್ಳುವುದಿಲ್ಲ, ಕೇಳುವವರ ವಿವೇಕವನ್ನು ನಂಬುತ್ತಾರೆ. ಎದುರಿಗೆ ಕುಳಿತವರಲ್ಲಿ ಕೆಲವರಿಗೆ ಇನ್ನೂ ಕೆಲಸ ಸಿಕ್ಕಿರುವುದಿಲ್ಲ, ಕೆಲವರಿಗೆ ಬಯಸಿದ ವಿಷಯ ಓದಲು ಆಗಿರುವುದಿಲ್ಲ. ದೇಶದ ಭವಿಷ್ಯವೆಲ್ಲ ನಿಮ್ಮ ಹೆಗಲ ಮೇಲಿದೆ ಎಂಬ ಮಾತನ್ನು ಅವರು ಶಾಲೆಯಿಂದಲೂ ಕೇಳುತ್ತ ಬಂದಿದ್ದಾರೆ. ಅದರ ಬದಲು ನಿಮ್ಮ ವೃತ್ತಿಯಲ್ಲಿ ಮೊದಲ ಕೆಲವು ವರ್ಷ ಏನು ಕಷ್ಟವಾಯಿತು, ಯಾರು ಕೈಹಿಡಿದರು ಎಂಬುದನ್ನು ಹೇಳಿ.

ಭಾಷೆಯ ವಿಷಯವನ್ನೂ ಯೋಚಿಸಿ. 1937ರಲ್ಲಿ ಕಲ್ಕತ್ತ ವಿಶ್ವವಿದ್ಯಾಲಯದ ಘಟಿಕೋತ್ಸವದಲ್ಲಿ ರವೀಂದ್ರನಾಥ ಠಾಕೂರರು ಇಂಗ್ಲಿಷಿನ ರೂಢಿಯನ್ನು ಮುರಿದು ಬಂಗಾಳಿಯಲ್ಲಿ ಭಾಷಣ ಮಾಡಿದರು. ಸಭೆಯ ಹಿಂದಿನ ಸಾಲುಗಳಲ್ಲಿ ಕುಳಿತ ಮನೆಯವರಿಗೂ ಅರ್ಥವಾಗುವ ಭಾಷೆಯಲ್ಲಿ ಭಾಷಣದ ಒಂದು ಭಾಗವಾದರೂ ಇರಲಿ, ಅವರಿಗೆ ನೇರವಾಗಿ ಹೇಳುವ ಎರಡು ಮಾತುಗಳೂ ಅದರಲ್ಲಿರಲಿ.

ಪ್ರಶ್ನೆ: ಅನಾರೋಗ್ಯ ಮತ್ತು ಮನೆಯ ಹೊಣೆಗಳ ಕಾರಣದಿಂದ ನನ್ನ ಪದವಿ ಬಹಳ ತಡವಾಯಿತು. ನನ್ನ ಜೊತೆ ಸೇರಿದವರೆಲ್ಲ ಎಂದೋ ಪದವಿ ಪಡೆದು ಹೋದರು. ಚಿಕ್ಕವರ ಸಾಲಿನಲ್ಲಿ ನಿಲ್ಲಲು ಸಂಕೋಚವಾಗುತ್ತಿದೆ.

ಉತ್ತರ: ನಿಮ್ಮ ಪ್ರಮಾಣಪತ್ರದಲ್ಲಿ ಇರುವುದು ನೀವು ಓದಿದ ವಿಷಯ ಮತ್ತು ಪದವಿಯ ಹೆಸರು, ಮಿಕ್ಕವರ ಪತ್ರಕ್ಕೂ ನಿಮ್ಮದಕ್ಕೂ ಅಲ್ಲಿ ಭೇದವಿಲ್ಲ. ಬಿಟ್ಟುಬಿಡಲು ಎಲ್ಲ ಕಾರಣಗಳೂ ಇದ್ದಾಗ ಬಿಡದೆ ಓದಿದವರು ನೀವು. ಆ ಸಾಲಿನಲ್ಲಿರುವ ಚಿಕ್ಕವರಿಗೆ ನಿಮ್ಮ ವಯಸ್ಸಿನ ಬಗ್ಗೆ ಯೋಚಿಸಲು ಅಂದು ಪುರುಸೊತ್ತೂ ಇರುವುದಿಲ್ಲ, ಪ್ರತಿಯೊಬ್ಬರೂ ತಮ್ಮ ಹೆಸರಿಗಾಗಿ ಕಾಯುತ್ತಿರುತ್ತಾರೆ. ಅನಾರೋಗ್ಯದ ದಿನಗಳಲ್ಲಿ ನಿಮ್ಮ ಪಕ್ಕದಲ್ಲಿದ್ದವರನ್ನು ಜೊತೆಗೆ ಕರೆದುಕೊಂಡು ಹೋಗಿ. ಈ ಪದವಿಯ ಅರ್ಧ ಸಂತೋಷ ಅವರಿಗೆ ಸೇರಬೇಕು. ತಡವಾದುದಕ್ಕೆ ಯಾರಿಗೂ ವಿವರಣೆ ಕೊಡಬೇಕಾಗಿಲ್ಲ.

ಪ್ರಶ್ನೆ: ಸಮಾರಂಭ ಮುಗಿದ ಕೂಡಲೇ ಟೊಪ್ಪಿಗೆಗಳನ್ನು ಮೇಲಕ್ಕೆ ಎಸೆಯುವುದು ಏಕೆ? ಇದು ಸರಿಯೇ?

ಉತ್ತರ: ಈ ರೂಢಿಯ ಮೂಲವನ್ನು ಸಾಮಾನ್ಯವಾಗಿ ಅಮೆರಿಕದ ನೌಕಾ ಅಕಾಡೆಮಿಯ 1912ರ ಪದವಿ ಸಮಾರಂಭದಲ್ಲಿ ಗುರುತಿಸುತ್ತಾರೆ. ಅದುವರೆಗೆ ಓದು ಮುಗಿಸಿದವರು ಅಧಿಕಾರಿಗಳಾಗುವ ಮೊದಲು ಇನ್ನೂ ಎರಡು ವರ್ಷ ನೌಕೆಗಳಲ್ಲಿ ದುಡಿಯಬೇಕಿತ್ತು, ಆದ್ದರಿಂದ ಹಳೆಯ ಟೊಪ್ಪಿಗೆಯೇ ಬೇಕಾಗುತ್ತಿತ್ತು. ಆ ವರ್ಷದಿಂದ ಪದವಿಯ ದಿನವೇ ಅಧಿಕಾರಿಯ ಹುದ್ದೆಯೂ ಹೊಸ ಟೊಪ್ಪಿಗೆಯೂ ದೊರೆತದ್ದರಿಂದ ಹಳೆಯದನ್ನು ಗಾಳಿಗೆ ತೂರಿದರು. ಸಂತೋಷವನ್ನು ಹೀಗೆ ತೋರಿಸುವುದರಲ್ಲಿ ಅಗೌರವವೇನೂ ಇಲ್ಲ. ಆದರೆ ಚೌಕದ ಟೊಪ್ಪಿಗೆಯ ಮೂಲೆಗಳು ಗಟ್ಟಿಯಾಗಿರುತ್ತವೆ, ಬೀಳುವಾಗ ಕಣ್ಣಿಗೆ ತಾಗಬಹುದು. ಬಯಲಿನಲ್ಲಿ, ಚಿಕ್ಕ ಮಕ್ಕಳು ಮತ್ತು ವೃದ್ಧರು ದೂರವಿರುವಾಗ, ನೇರವಾಗಿ ಮೇಲಕ್ಕೆ ಎಸೆಯಿರಿ. ಬಾಡಿಗೆಯ ಟೊಪ್ಪಿಗೆಯಾದರೆ ಒಳಗೆ ನಿಮ್ಮ ಹೆಸರಿನ ಚೀಟಿ ಅಂಟಿಸಿಡಿ.