ತವರಿಗೆ ಹೋದಾಗ ನೆಟ್ಟಗಾಗುವ ಕೈ

ಪ್ರಶ್ನೆ: ಡಾಕ್ಟರ್ ಮೇಡಂ, ನಾವು ಬಾಗಲಕೋಟೆಯ ನವನಗರದಲ್ಲಿದ್ದೇವೆ. ಅವ್ವನಿಗೆ 42 ವರ್ಷ. ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಎರಡು ವರ್ಷದಿಂದ ಎರಡೂ ಅಂಗೈ, ಬೆರಳ ಸಂದಿ ಒಡೆದು ವಿಪರೀತ ತುರಿಕೆ. ಇಸಬು ಅಂದರು. ಗಿರಾಕಿಗಳು ನೋಡಿದರೆ ಚೆನ್ನಾಗಿರಲ್ಲ ಎಂದು ಮಾಲೀಕರು ಅವಳಿಗೆ ಹಿಟ್ಟು ಬಿಡಿಸಿ ಭಾಂಡೆ ತಿಕ್ಕಲು ಹಚ್ಚಿದರು. ಪಗಾರವೂ ಕಡಿಮೆ ಆಯಿತು. ರಕ್ತ ಕೆಟ್ಟಿದೆ, ಬದನೆಕಾಯಿ ನಂಜು ಅಂತ ಓಣಿಯವರು ಹೇಳುತ್ತಾರೆ. ಪಂಚಮಿಗೆ ತವರಿಗೆ ಹೋಗಿ ಎಂಟು ದಿನ ಇದ್ದಾಗ ಕೈ ಎಷ್ಟೋ ನೆಟ್ಟಗಾಗಿತ್ತು. ಬಂದ ವಾರದಲ್ಲೇ ಮತ್ತೆ ಹಾಗೇ. ಇದು ನಮಗೂ ಅಂಟುತ್ತದೆಯೇ? ಒಳ್ಳೆಯ ಮುಲಾಮು ಹೇಳಿ.

ಉತ್ತರ: ತಂಗಿ, ಇಸಬು ಅಂಟುವುದಿಲ್ಲ. ಅವ್ವನ ಜೊತೆ ಒಂದೇ ತಾಟಿನಲ್ಲಿ ಉಣ್ಣಬಹುದು. ರಕ್ತವೂ ಕೆಟ್ಟಿಲ್ಲ, ಬದನೆಕಾಯಿ ಬಿಡುವುದೂ ಬೇಕಿಲ್ಲ.

ಪಂಚಮಿಯ ಮಾತನ್ನು ನೀನು ಸುಮ್ನೆ ಬರೆದಿರಬಹುದು, ನನಗೆ ಅದೇ ಮುಖ್ಯ. ತವರಿನಲ್ಲಿ ಅವ್ವ ಎಂಟು ದಿನ ಸೋಪಿನ ನೀರಿಗೆ ಕೈ ಹಾಕಿಲ್ಲ, ಅಲ್ವಾ? ಕೆಲಸ ಬಿಟ್ಟಾಗ ಕಡಿಮೆ ಆಗಿ, ಕೆಲಸಕ್ಕೆ ಹೋದ ಕೂಡಲೇ ಏಳುವ ಇಸಬಿಗೆ ಬಹುತೇಕ ಆ ಕೆಲಸವೇ ಕಾರಣ. ಚರ್ಮದ ಮೇಲೆ ಎಣ್ಣೆಯ ತೆಳು ಪದರ ಇರುತ್ತದೆ. ಸೋಪು, ಬೂದಿ, ಬಿಸಿನೀರು ಅದನ್ನು ದಿನಾ ತಿಕ್ಕಿ ತೆಗೆಯುತ್ತವೆ. ದಿನಕ್ಕೆ 2 ಗಂಟೆಗಿಂತ ಜಾಸ್ತಿ ಕೈ ಒದ್ದೆ ಇದ್ದರೆ, ಇಲ್ಲವೇ 20 ಸಲಕ್ಕಿಂತ ಜಾಸ್ತಿ ಕೈ ತೊಳೆದರೆ ಕೈಗೆ ಇಸಬು ಬರುವ ಸಂಭವ ಹೆಚ್ಚು ಎಂದು ನಾವು ಲೆಕ್ಕ ಹಾಕುತ್ತೇವೆ. ಭಾಂಡೆ ತಿಕ್ಕುವವರಿಗೆ ಅದು ಊಟದ ಹೊತ್ತು ಮುಗಿಯುವುದರೊಳಗೇ ಆಗಿಬಿಡುತ್ತದೆ.

ಈಗ ನೋಡು, ರೊಟ್ಟಿಯಲ್ಲಿ ಸೋಪಿರಲಿಲ್ಲ. ಕೈ ಕೆಟ್ಟಿದೆ ಎಂದು ಆ ಕೆಲಸದಿಂದ ತೆಗೆದು, ಕೈ ಇನ್ನೂ ಕೆಡಿಸುವ ಕೆಲಸಕ್ಕೇ ಹಾಕಿದರು, ಅದೂ ಕಡಿಮೆ ಪಗಾರಕ್ಕೆ. ಇದನ್ನು ಓದಿ ನನಗೆ ಬಹಳ ಸಂಕಟವಾಯಿತು. ಬಿರುಕಿನಲ್ಲಿ ಕೀವು, ನೀರು ಇರುವಾಗ ಹಿಟ್ಟು ಮುಟ್ಟಬಾರದು, ಅದು ನಿಜ. ಒಣಗಿದ ಮೇಲೂ ದೂರ ಇಡುವುದಕ್ಕೆ ಕಾರಣವೇ ಇಲ್ಲ.

ನೀರಿಗೆ ಕೈ ಹಾಕಬೇಡಿ ಎಂದು ಚೀಟಿಯಲ್ಲಿ ಬರೆಯುವುದು ನನಗೆ ಸುಲಭ, ಆದರೆ ಒಂದು ದಿನ ಆಸ್ಪತ್ರೆಗೆ ಬಂದರೆ ಒಂದು ದಿನದ ಪಗಾರ ಹೋಗುವ ಹೆಣ್ಣುಮಗಳು ಮನೆಗೆ ಹೋಗುವ ದಾರಿಯಲ್ಲೇ ಅಂಗಡಿಯವನು ಕೊಟ್ಟ ಟ್ಯೂಬು ತಗೊಂಡು ಹೋಗುತ್ತಾಳೆ, ಅದು ನನಗೂ ಗೊತ್ತು. ಆ ಟ್ಯೂಬಿನಲ್ಲಿ ಸಾಮಾನ್ಯವಾಗಿ ಸ್ಟೀರಾಯ್ಡ್ ಜೊತೆ ಇನ್ನೆರಡು ಔಷಧ ಬೆರೆಸಿರುತ್ತಾರೆ. ನಾಲ್ಕು ದಿನ ಆರಾಮ ಅನಿಸುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗುತ್ತದೆ. ಇಸಬಿಗೆ ಸ್ಟೀರಾಯ್ಡ್ ಮುಲಾಮು ನಾವೂ ಕೊಡುತ್ತೇವೆ, ಆದರೆ ಎಷ್ಟು ಪವರಿನದು, ಎಷ್ಟು ದಿನ ಎಂಬುದು ನೋಡಿಯೇ ಹೇಳಬೇಕು. ಅದಕ್ಕೇ ಇಲ್ಲಿ ಹೆಸರು ಬರೆಯುತ್ತಿಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ಚರ್ಮದ ಡಾಕ್ಟರು ಯಾವ ದಿನ ಸಿಗುತ್ತಾರೆ ಎಂದು ನೀನೇ ಮೊದಲು ವಿಚಾರಿಸಿ ಬಾ, ಅವ್ವನಿಗೆ ಒಂದು ಸುತ್ತು ತಪ್ಪುತ್ತದೆ.

ಅಲ್ಲಿಯವರೆಗೆ ಕೊಬ್ಬರಿ ಎಣ್ಣೆ ಇಲ್ಲವೇ ಪೆಟ್ರೋಲಿಯಂ ಜೆಲ್ಲಿ ಸಾಕು. ವಾಸನೆಯ ಕ್ರೀಮು ಬೇಡ. ಕೈ ತೊಳೆದು ಒರೆಸಿ, ಇನ್ನೂ ತುಸು ಹಸಿ ಇರುವಾಗಲೇ ಹಚ್ಚಬೇಕು, ದಿನಕ್ಕೆ ಐದಾರು ಸಲ ಆದರೂ ಪರವಾಗಿಲ್ಲ. ರಾತ್ರಿ ಜಾಸ್ತಿ ಹಚ್ಚಿ ಹಳೆಯ ಹತ್ತಿಯ ಕಾಲುಚೀಲ ಕೈಗೆ ಹಾಕಿ ಮಲಗಲಿ. ಕೆಲಸಕ್ಕೆ ಹೋಗುವಾಗ ಉಂಗುರ ತೆಗೆದಿಡಲಿ, ಅದರ ಕೆಳಗೆ ಸೋಪು ಸೇರಿ ಸುತ್ತಲೂ ಕೆಂಪಾಗಿರುತ್ತದೆ, ಗಮನಿಸಿ ನೋಡು. ಭಾಂಡೆ ತಿಕ್ಕುವಾಗ ಒಳಗೆ ಹತ್ತಿಯದು, ಮೇಲೆ ರಬ್ಬರಿನದು, ಹೀಗೆ ಎರಡು ಕೈಗವಸು. ಬರೀ ರಬ್ಬರಾದರೆ ಬೆವರಿ ತುರಿಕೆ ಹೆಚ್ಚಾಗುತ್ತದೆ.

ಕೈಗವಸು ಮಾಲೀಕರೇ ಕೊಡಬೇಕು, ಇದು ನನ್ನ ಖಂಡಿತ ಮಾತು. ರಾಸಾಯನಿಕ, ಬಣ್ಣ ಮುಟ್ಟಿ ಬರುವ ಚರ್ಮರೋಗವನ್ನು 1948ರ ಕಾರ್ಖಾನೆ ಕಾಯ್ದೆ ಕೆಲಸದಿಂದ ಬರುವ ರೋಗಗಳ ಪಟ್ಟಿಯಲ್ಲೇ ಸೇರಿಸಿತ್ತು. ನಾಲ್ಕು ಜನ ದುಡಿಯುವ ಖಾನಾವಳಿಗೆ ಆ ಕಾಯ್ದೆ ಬರುತ್ತಿರಲಿಲ್ಲ. ಹಾಗಾಗಿ ಬಾಯಿಬಿಟ್ಟು ಕೇಳಬೇಕು. ಒಬ್ಬಳೇ ಕೇಳುವುದು ಕಷ್ಟ, ಜೊತೆಗೆ ತಿಕ್ಕುವವರೂ ಕೇಳಲಿ. ಡಾಕ್ಟರ ಚೀಟಿಯಲ್ಲಿ "ಅಂಟುರೋಗವಲ್ಲ, ಒಣಗಿದ ಮೇಲೆ ಹಿಟ್ಟಿನ ಕೆಲಸ ಮಾಡಬಹುದು" ಎಂದು ಬರೆಸಿಕೊಂಡು ನೀನೇ ಒಯ್ದು ಮಾಲೀಕರಿಗೆ ತೋರಿಸು.

ಪ್ರಶ್ನೆ: ನಾನು ಇಂಡಿ ಕಡೆಯ ಕೂಲಿಕಾರ, 55 ವರ್ಷ. ಕಳೆ ತೆಗೆಯಲು ಹೋದ ಮರುದಿನ ಕಣ್ಣುರೆಪ್ಪೆ, ಕುತ್ತಿಗೆ, ಮೊಳಕೈ ಮಡಿಕೆ ಉರಿದು ದಪ್ಪಗಾಗುತ್ತವೆ. ಬಿಸಿಲಿನದೋ?

ಉತ್ತರ: ಕಾಕಾ, ನೋಡದೆ ಪೂರ್ತಿ ಹೇಳಲಾರೆ, ಆದರೆ ನನಗೆ ಕಾಂಗ್ರೆಸ್ ಕಸದ ಮೇಲೇ ಅನುಮಾನ. 1950ರ ದಶಕದಲ್ಲಿ ಅಮೆರಿಕದ ಗೋಧಿಯ ಜೊತೆ ಬಂದು ಹಬ್ಬಿತು ಎನ್ನುವ ಈ ಕಳೆಯ ಪುಡಿ ಗಾಳಿಯಲ್ಲೇ ಹಾರಿ ಬಂದು ಕೂರುತ್ತದೆ. ಮುಟ್ಟದಿದ್ದರೂ ಮುಖಕ್ಕೆ ಬರುತ್ತದೆ. ಬೇರೆ ಕೆಲಸ ಇರುವ ದಿನ ಅದನ್ನೇ ಕೇಳಿ ತಗೊಳ್ಳಿ. ಹೋಗಲೇಬೇಕಾದರೆ ತುಂಬು ತೋಳಿನ ಅಂಗಿ, ಮುಖಕ್ಕೆ ಟವೆಲ್. ಮನೆಗೆ ಬಂದ ಕೂಡಲೇ ಸ್ನಾನ ಮಾಡಿ, ಆ ಬಟ್ಟೆ ಬೇರೆ ಇಡಿ. ಅಂಗಡಿಯಿಂದ ಸ್ಟೀರಾಯ್ಡ್ ಗುಳಿಗೆ ನುಂಗಬೇಡಿ. ಸಕ್ಕರೆ ಕಾಯಿಲೆ, ಬಿಪಿ ಇದ್ದರಂತೂ ಬೇಡವೇ ಬೇಡ.