ಸಂಪಾದಕರ ಉತ್ತರ: ಸಂಚು ಅಂದರೆ ರಸ್ತೆ ಬಚಾವ್

ಹರಿಹರದ ಮೇಷ್ಟ್ರೇ,

ನಿಮ್ಮ ನಾಲ್ಕು ಪುಟದ ಪತ್ರ ತಲುಪಿತು. ದುಂಡಗಿನ ಅಕ್ಷರ, ಎಲ್ಲೂ ಒಂದು ಚಿತ್ತಿಲ್ಲ. ಪೆನ್ನು ಹಿಡಿದು ಬರೆಯುವ ಓದುಗರೇ ಅಪರೂಪ ಆಗಿರುವಾಗ ಇಂಥ ಪತ್ರ ಬಂದರೆ ಖುಷಿಯಾಗುತ್ತದೆ. ಜಗಳ ಶುರು ಮಾಡುವ ಮುಂಚೆ ಅದಕ್ಕೊಂದು ನಮಸ್ಕಾರ.

ಉಳಿದ ಓದುಗರಿಗೆ ಪತ್ರದ ಸಾರ ಹೇಳಿಬಿಡುತ್ತೇನೆ. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಪಕ್ಕದ ನಮ್ಮ ಆನಗೋಡಿನಲ್ಲಿ ಶಂಕರ್ ನಾಗ್ ತೀರಿಕೊಂಡಿದ್ದು ಅಪಘಾತದಲ್ಲಿ ಅಲ್ಲ, ಯಾರೋ ದೊಡ್ಡವರು ಮಾಡಿಸಿದ ಕೆಲಸ ಅನ್ನುತ್ತಾರೆ ಮೇಷ್ಟ್ರು. 35 ವರ್ಷದ ಮನುಷ್ಯ. ಬೆಂಗಳೂರಿಗೆ ಮೆಟ್ರೋ ಬೇಕು, ನಂದಿ ಬೆಟ್ಟಕ್ಕೆ ರೋಪ್‌ವೇ ಬೇಕು ಅಂತ ಆಗಲೇ ಕನಸು ಕಟ್ಟಿದ್ದವರು. ಬದುಕಿದ್ದರೆ ಯಾರ್ಯಾರಿಗೋ ಕಷ್ಟವಾಗುತ್ತಿತ್ತಂತೆ. ನೇತಾಜಿ, ಶಾಸ್ತ್ರೀಜಿ, ನಟಿ ಸೌಂದರ್ಯ, ಹಿಂದಿ ನಟ ಸುಶಾಂತ್ ಎಲ್ಲರ ಕಥೆಯೂ ಇದೇ ಅಂತೆ. ಕೊನೆಗೆ ನನಗೊಂದು ಚುಚ್ಚು: "ಘಟನೆ ನಡೆದ ಜಾಗದ ಪಕ್ಕದಲ್ಲೇ ಕೂತು ಪತ್ರಿಕೆ ನಡೆಸುವ ನಿಮಗೆ ಇದನ್ನು ಬರೆಯಲು ಭಯವೇ?"

ಭಯ ಇಲ್ಲ ಮೇಷ್ಟ್ರೇ. ಬೇಜಾರಿದೆ.

ಮೊದಲು ನಿಮ್ಮ ಕಡೆಯ ಮಾತು. ಶಾಸ್ತ್ರೀಜಿ 1966ರ ಜನವರಿ 10ರಂದು ತಾಷ್ಕೆಂಟ್‌ನಲ್ಲಿ ಒಪ್ಪಂದಕ್ಕೆ ಸಹಿ ಹಾಕಿದರು, ಅದೇ ರಾತ್ರಿ ಹೋದರು. ಹಿಂದೆಯೂ ಹೃದಯಾಘಾತ ಆಗಿದ್ದವರು, ನಿಜ. ಆದರೆ ಒಬ್ಬ ಪ್ರಧಾನಿ ಪರದೇಶದಲ್ಲಿ ಸತ್ತಾಗ ಮರಣೋತ್ತರ ಪರೀಕ್ಷೆ ಮಾಡಿಸಲಿಲ್ಲ ಅಂದರೆ ಮನೆಯವರು ಕೇಳದೆ ಬಿಡುತ್ತಾರಾ? ನೇತಾಜಿ ವಿಷಯದಲ್ಲಿ ಮೂರು ತನಿಖೆ ಆದವು. ಮೊದಲ ಎರಡು ತೈಪೆಯ ವಿಮಾನ ಅಪಘಾತದಲ್ಲೇ ಸತ್ತರು ಎಂದವು. ಮೂರನೆಯದು, ಮುಖರ್ಜಿ ಆಯೋಗ, ಇಲ್ಲ ಎಂದಿತು. ಆ ವರದಿಯನ್ನು ಸರ್ಕಾರ 2006ರಲ್ಲಿ ಒಪ್ಪಲಿಲ್ಲ. ಫೈಲುಗಳನ್ನು ದಶಕಗಟ್ಟಲೆ ಬೀರುವಿನಲ್ಲಿಟ್ಟು ಬೀಗ ಹಾಕಿದರೆ ಊರ ಬಾಯಿಗೆ ಬೀಗ ಹಾಕೋರು ಯಾರು? ಇಷ್ಟನ್ನು ಒಪ್ಪಿದೆ. ನಿಮ್ಮ ಪಾಲಿನ ರಿಯಾಯಿತಿ ಇಲ್ಲಿಗೆ ಮುಗಿಯಿತು.

ಈಗ ಆನಗೋಡಿಗೆ ಬನ್ನಿ. ಬೆಂಗಳೂರಿನಿಂದ ಲೋಕಾಪುರಕ್ಕೆ, ಶೂಟಿಂಗಿಗೆ ಹೊರಟಿದ್ದ ಕಾರು ಅದು. ಹೆಂಡತಿ, ಪುಟ್ಟ ಮಗಳು ಜೊತೆಗಿದ್ದರು. ಅವರಿಬ್ಬರೂ ಉಳಿದರು. ಆಗಿನ ಆ ರಸ್ತೆ ನಿಮಗೆ ನೆನಪಿರಬೇಕು, ಹರಿಹರದವರು ನೀವು. ನ್ಯಾಷನಲ್ ಹೈವೇ ನಾಲ್ಕು ಅಂತ ಹೆಸರು ದೊಡ್ಡದು, ಅಗಲ ಎರಡು ಲಾರಿಯಷ್ಟು. ನಡುವೆ ಡಿವೈಡರ್ ಇಲ್ಲ. ಮುಂಬೈ, ಪುಣೆ, ಹುಬ್ಬಳ್ಳಿಯ ಲೋಡೆಲ್ಲ ಅದರ ಮೇಲೇ. ಎದುರಿನ ಲಾರಿಯ ಹೆಡ್‌ಲೈಟ್ ಕಣ್ಣಿಗೆ ಹೊಡೆದರೆ ಆಮೇಲಿನ ಒಂದೆರಡು ಕ್ಷಣ ದೇವರೇ ಗತಿ. ಪೆಟ್ಟಾದರೆ ಕರೆಯೋಕೆ ಮೊಬೈಲ್ ಇಲ್ಲ. 108 ಆಂಬುಲೆನ್ಸ್ ಕರ್ನಾಟಕಕ್ಕೆ ಬಂದಿದ್ದೇ 2008ರ ನವೆಂಬರ್‌ನಲ್ಲಿ. ದಾರಿಯಲ್ಲಿ ಹೋಗೋ ಯಾವುದೋ ಗಾಡಿಯವರು ನಿಲ್ಲಿಸಬೇಕು. ಪೊಲೀಸ್, ಕೋರ್ಟು ಅಂತ ಹೆದರಿ ಅವರೂ ನಿಲ್ಲಿಸುತ್ತಿರಲಿಲ್ಲ. ಇಂಥ ರಸ್ತೆಯನ್ನು ಸರ್ಕಾರವೇ ಮಾಡಿಟ್ಟಿರುವಾಗ ಸುಪಾರಿ ಕೊಟ್ಟು ದುಡ್ಡು ಯಾಕೆ ಹಾಳು ಮಾಡಬೇಕು ಹೇಳಿ?

ನಾಲ್ಕು ವರ್ಷ ಆದಮೇಲೆ, 1994ರಲ್ಲಿ, ನಟ ಸುನಿಲ್ ಹೋದರು. ಅದೂ ಹೈವೇ ಅಪಘಾತವೇ, ಪಕ್ಕದ ಚಿತ್ರದುರ್ಗದ ಹತ್ತಿರ. ಜೊತೆಗಿದ್ದ ಮಾಲಾಶ್ರೀ ಗಾಯಗೊಂಡು ಉಳಿದರು. ನಿಮ್ಮ ಪಟ್ಟಿಯಲ್ಲಿ ಸುನಿಲ್ ಹೆಸರೇ ಇಲ್ಲ! ಯಾಕೆ ಮೇಷ್ಟ್ರೇ? ಅವರ ಸಾವಿಗೆ ಸಂಚು ಬೇಡವೇ? ನಮಗೆ ಮನುಷ್ಯ ಎಷ್ಟು ದೊಡ್ಡವನೋ ಅಷ್ಟೇ ದೊಡ್ಡ ಕಾರಣ ಬೇಕು. ಶಂಕ್ರಣ್ಣನಂಥವರು ನಿದ್ದೆಗೆಟ್ಟ ಒಂದು ಪ್ರಯಾಣದಲ್ಲಿ, ಕತ್ತಲ ರಸ್ತೆಯಲ್ಲಿ, ಯಾರಿಗೂ ಬೇಡದ ಒಂದು ಗಳಿಗೆಯಲ್ಲಿ ಹೋಗಿಬಿಟ್ಟರು ಅಂದರೆ ಮನಸ್ಸು ಒಪ್ಪೋದಿಲ್ಲ. ನನ್ನ ಮನಸ್ಸೂ ಒಪ್ಪಿರಲಿಲ್ಲ. ಅದು ಪ್ರೀತಿ, ಅದನ್ನು ನಾನು ಹೀಗಳೆಯೋದಿಲ್ಲ. ಆದರೆ ಅದೇ ಆನಗೋಡಿನ ಹತ್ತಿರ ಒಬ್ಬ ಗಾರೆ ಕೆಲಸದ ಹುಡುಗ ಬೈಕಿನಲ್ಲಿ ಹೋಗಿ ಸತ್ತರೆ ನಾವು ಏನಂತೀವಿ? ಗ್ರಹಚಾರ ಅಂತೀವಿ. ನಟ ಸತ್ತರೆ ಸಂಚು, ಹುಡುಗ ಸತ್ತರೆ ಗ್ರಹಚಾರ. ಎರಡರಲ್ಲೂ ರಸ್ತೆ ಬಚಾವ್. ಗುಂಡಿ ಮುಚ್ಚದ ಕಂಟ್ರಾಕ್ಟರ್ ಬಚಾವ್, ಸಹಿ ಹಾಕಿದ ಎಂಜಿನಿಯರ್ ಬಚಾವ್, ಡ್ರೈವರ್‌ಗೆ ನಿದ್ದೆ ಮಾಡೋಕೆ ಬಿಡದ ಮಾಲೀಕ ಬಚಾವ್.

ಮೊನ್ನೆ ಹಳೇ ಬಸ್‌ಸ್ಟ್ಯಾಂಡಿನಿಂದ ಆಟೋ ಹತ್ತಿದೆ. ಹಿಂದಿನ ಗಾಜಿಗೆ ಶಂಕರ್ ನಾಗ್ ಚಿತ್ರ, ಮುಂದೆ ಮೀಟರಿನ ಪಕ್ಕ ಇನ್ನೊಂದು, ಅದಕ್ಕೊಂದು ಮಲ್ಲಿಗೆ ಎಳೆ. ನಾನು ಪತ್ರಿಕೆಯವನು ಅಂತ ಗೊತ್ತಾದ ಕೂಡಲೇ ಪುಣ್ಯಾತ್ಮ ಶುರು ಮಾಡಿದ. "ಸಾರ್, ನಮ್ ಶಂಕ್ರಣ್ಣನ್ನ ಹೊಡೆಸಿಬಿಟ್ರು ಸಾರ್. ಎಲ್ಲಾ ಪ್ಲ್ಯಾನು." ಹೇಳುತ್ತಾ ಪೂರ್ತಿ ಹಿಂದಕ್ಕೆ ತಿರುಗಿದ್ದ. ಒಂದು ಕೈಯಲ್ಲಿ ಮೊಬೈಲು, ಅದರಲ್ಲಿ ಆ ಪ್ಲ್ಯಾನಿನ ವಿಡಿಯೋ, ನನಗೆ ತೋರಿಸೋಕೆ. ಗಾಡಿ ಪಿ.ಬಿ. ರಸ್ತೆಯಲ್ಲಿ ರಾಂಗ್ ಸೈಡು. ಎದುರಿಗೆ ಸರ್ಕಾರಿ ಬಸ್ಸು. ಬಸ್ಸಿನವನು ಬೈದ ಬೈಗುಳ ನಮ್ಮ ಪತ್ರಿಕೆಯಲ್ಲಿ ಅಚ್ಚು ಹಾಕುವಂಥದ್ದಲ್ಲ. ಆಟೋದವನು ನಕ್ಕು ಪಕ್ಕಕ್ಕೆ ತೆಗೆದುಕೊಂಡು, ಎಲ್ಲಿ ಬಿಟ್ಟಿದ್ದನೋ ಅಲ್ಲಿಂದಲೇ ಪ್ಲ್ಯಾನು ಮುಂದುವರಿಸಿದ.

ಬಿಡಿ, ಅವನೊಬ್ಬನೇ ಅಲ್ಲ. ಜಗತ್ತೇ ಹಾಗಿದೆ. 1997ರ ಆಗಸ್ಟ್ 31ರಂದು ಪ್ಯಾರಿಸ್ಸಿನ ಸುರಂಗದಲ್ಲಿ ರಾಜಕುಮಾರಿ ಡಯಾನಾ ಸತ್ತರಲ್ಲ, ಅರಮನೆಯವರೇ ಕೊಲ್ಲಿಸಿದರು ಅಂತ ಇಂದಿಗೂ ನಂಬುವವರಿದ್ದಾರೆ. ಬ್ರಿಟಿಷ್ ಪೊಲೀಸರು ಆ ಅನುಮಾನಗಳನ್ನೆಲ್ಲ ಒಂದೊಂದಾಗಿ ಕೆದಕಿ 2006ರಲ್ಲಿ 832 ಪುಟದ ವರದಿ ಕೊಟ್ಟರು. ಸಿಕ್ಕಿದ್ದೇನು? ಕುಡಿದಿದ್ದ ಡ್ರೈವರು. ಮಿತಿ ಮೀರಿದ ಸ್ಪೀಡು. ಬೆನ್ನು ಹತ್ತಿದ ಫೋಟೋದವರು. ಕಾರಿನಲ್ಲಿದ್ದ ನಾಲ್ವರಲ್ಲಿ ಒಬ್ಬರೂ ಬೆಲ್ಟ್ ಹಾಕಿರಲಿಲ್ಲ. ಇಷ್ಟೇ. ನಮ್ಮ ಶಿರಾ ಹತ್ತಿರ, ಹಿರಿಯೂರು ಹತ್ತಿರ ವಾರವಾರವೂ ಆಗೋದೇ ಅಲ್ಲಿಯೂ ಆಗಿದ್ದು. ಇನ್ನೊಂದು ತಮಾಷೆ ಕೇಳಿ. ಇಂಗ್ಲೆಂಡಿನ ಕೆಂಟ್ ವಿಶ್ವವಿದ್ಯಾಲಯದವರು 2012ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಡಯಾನಾ ಸತ್ತ ಹಾಗೆ ನಾಟಕ ಆಡಿ ತಪ್ಪಿಸಿಕೊಂಡರು ಎಂಬ ಮಾತಿಗೆ ಹೆಚ್ಚು ತಲೆಯಾಡಿಸಿದವರೇ, ಅವರ ಕೊಲೆ ಆಯಿತು ಎಂಬುದಕ್ಕೂ ಹೆಚ್ಚು ತಲೆಯಾಡಿಸಿದ್ದರಂತೆ. ಸತ್ತಿಲ್ಲ, ಆದರೆ ಕೊಂದರು! ಗಣಿತ ಕಲಿಸಿದವರು ನೀವು, ಈ ಲೆಕ್ಕ ನೀವೇ ಬಿಡಿಸಿ.

ನನಗೆ ನಿಜವಾಗಿ ಸಿಟ್ಟು ಬರೋದು ಬೇರೆ ಕಾರಣಕ್ಕೆ. ಸಂಚು ಅಂದಮೇಲೆ ಒಬ್ಬ ಖಳನಾಯಕ ಬೇಕು. ಆ ದೊಡ್ಡವರು ಯಾರು ಅಂತ ಹೆಸರು ಹೇಳೋ ಧೈರ್ಯ ಯಾರಿಗೂ ಇರೋದಿಲ್ಲ. ಆಗ ಕೈಗೆ ಸಿಗೋರು ಯಾರು? ಸತ್ತವರ ಪಕ್ಕದಲ್ಲಿ ಇದ್ದವರು. ಅಡುಗೆಯವನು, ಡ್ರೈವರು, ಡಾಕ್ಟರು, ಹೆಂಡತಿ, ಗೆಳತಿ. 2021ರ ಅಕ್ಟೋಬರ್ 29ರಂದು ಪುನೀತ್ ಹೋದಾಗ ಊರೆಲ್ಲ ಸೂತಕ ಹಿಡಿದಿತ್ತು, ನಾನೂ ಅತ್ತವನೇ. ಆದರೆ ಹೆಚ್ಚುಕಮ್ಮಿ ಒಂದು ವಾರದಲ್ಲಿ ಅವರನ್ನು ಮೊದಲು ನೋಡಿದ ಡಾಕ್ಟರ ಮನೆಗೆ ಪೊಲೀಸ್ ಕಾವಲು ಬೇಕಾಯಿತು. ಸುಶಾಂತ್ ಸಿಂಗ್ ವಿಷಯದಲ್ಲಿ ಏಮ್ಸ್ ವೈದ್ಯರು 2020ರಲ್ಲೇ ಕೊಲೆ ಅಲ್ಲ ಎಂದರು. 2025ರಲ್ಲಿ ಸಿಬಿಐ ಕೂಡ ಕೇಸು ಮುಚ್ಚುವ ವರದಿ ಕೊಟ್ಟಿತು. ಅಷ್ಟರಲ್ಲಿ ಅವರ ಗೆಳತಿ ರಿಯಾ ಚಕ್ರವರ್ತಿಯನ್ನು ಟಿವಿಯವರು ತಿಂಗಳುಗಟ್ಟಲೆ ಮಾಟಗಾತಿ ಮಾಡಿ ಆಗಿತ್ತು, ಡ್ರಗ್ಸ್ ಕೇಸಿನಲ್ಲಿ ಆಕೆ ಹೆಚ್ಚುಕಮ್ಮಿ ಒಂದು ತಿಂಗಳು ಜೈಲಿನಲ್ಲಿ ಇದ್ದು ಬಂದೂ ಆಗಿತ್ತು. ಆ ಆ್ಯಂಕರ್‌ಗಳಲ್ಲಿ ಯಾರಾದರೂ ಕ್ಷಮೆ ಕೇಳಿದ್ದನ್ನು ನೀವು ನೋಡಿದ್ದರೆ ನನಗೂ ತಿಳಿಸಿ.

ಸೌಂದರ್ಯ ವಿಷಯವನ್ನು ನೀವು ಎರಡು ಸಾಲಿನಲ್ಲಿ ಮುಗಿಸಿದ್ದೀರಿ. 2004ರ ಏಪ್ರಿಲ್ 17, ಜಕ್ಕೂರು. ಚುನಾವಣಾ ಪ್ರಚಾರಕ್ಕೆ ಕರೀಂನಗರಕ್ಕೆ ಹೊರಟ ಪುಟ್ಟ ವಿಮಾನ ಮೇಲೇರಿದ ಸ್ವಲ್ಪ ಹೊತ್ತಿಗೇ ಬಿತ್ತು. ಅಣ್ಣ ಅಮರನಾಥ್ ಸೇರಿ ನಾಲ್ವರು ಹೋದರು. ಇಪ್ಪತ್ತೊಂದು ವರ್ಷ ಕಳೆದ ಮೇಲೆ, 2025ರಲ್ಲಿ, ತೆಲಂಗಾಣದಲ್ಲಿ ಯಾರೋ ಅದು ಕೊಲೆ ಅಂತ ದೂರು ಕೊಟ್ಟರು, ಜಮೀನಿನ ಆಸೆಗೆ ಅಂತೆ. ಕೊನೆಗೆ ಸೌಂದರ್ಯ ಅವರ ಗಂಡನೇ ಮುಂದೆ ಬಂದು ಇದೆಲ್ಲ ಸುಳ್ಳು, ದಯವಿಟ್ಟು ಬಿಡಿ ಅನ್ನಬೇಕಾಯಿತು. ನಮ್ಮೂರ ಮಂಡಕ್ಕಿ ಭಟ್ಟಿಯಲ್ಲಿ ಒಂದು ಹಿಡಿ ಅಕ್ಕಿ ಬಿಸಿ ಮರಳಿಗೆ ಬಿದ್ದು ಉಬ್ಬುತ್ತದಲ್ಲ, ಹಾಗೆ ಉಬ್ಬಿದ ಸುದ್ದಿ ಅದು. ಉಬ್ಬಿಸಿದವರಿಗೆ ವ್ಯೂಸ್ ಬಂದವು. ಆ ಮನುಷ್ಯನಿಗೆ ಹಳೆ ಗಾಯ ಮತ್ತೆ ಹಸಿಯಾಯಿತು.

ಅರುಂಧತಿ ನಾಗ್ ಅವರನ್ನೇ ನೋಡಿ. ಶಂಕ್ರಣ್ಣನ ಹೆಂಡತಿ, ಆ ಕಾರಿನಲ್ಲಿದ್ದವರು ಅವರು. ಅಲ್ಲಿ ಏನಾಯಿತು ಅಂತ ನಿಮಗಿಂತ, ನನಗಿಂತ, ಆ ಆಟೋದವನಿಗಿಂತ ಜಾಸ್ತಿ ಗೊತ್ತಿರುವವರು. ಆಕೆ ಯಾವ ಸಂಚಿನ ಹಿಂದೆಯೂ ಹೋಗಲಿಲ್ಲ. ವರ್ಷಾನುಗಟ್ಟಲೆ ದುಡ್ಡು ಕೂಡಿಸಿ, ಕಂಡಕಂಡವರನ್ನು ಕೇಳಿ, 2004ರಲ್ಲಿ ಬೆಂಗಳೂರಿನ ಜೆ.ಪಿ. ನಗರದಲ್ಲಿ ರಂಗಶಂಕರ ಎಂಬ ನಾಟಕಮಂದಿರ ಎಬ್ಬಿಸಿ ನಿಲ್ಲಿಸಿದರು. ನಿಮ್ಮ ನಾಲ್ಕು ಪುಟದಲ್ಲಿ ಆ ಹೆಣ್ಣುಮಗಳ ಹೆಸರು ಒಂದು ಕಡೆಯೂ ಬಂದಿಲ್ಲ ಮೇಷ್ಟ್ರೇ.

ಈಗ ರಸ್ತೆ ಚೆನ್ನಾಗಿದೆಯಲ್ಲ ಅಂತೀರಿ. ಹೌದು, ಡಿವೈಡರ್ ಬಂತು, ಟೋಲ್ ಬಂತು, ನಂಬರ್ ಕೂಡ 48 ಆಯಿತು. ಒಂದು ಸಲ ರಾತ್ರಿ ಹೆಬ್ಬಾಳು ಟೋಲ್ ದಾಟಿ ಚಿತ್ರದುರ್ಗದ ಕಡೆ ಹೋಗಿ ನೋಡಿ. ಎಡಗಡೆ ಲಾರಿ ನಿಂತಿರುತ್ತದೆ. ಹಿಂದಿನ ಲೈಟು ಇರೋದಿಲ್ಲ, ಇದ್ದರೂ ಮಣ್ಣು ಮೆತ್ತಿ ಕೆಂಪು ಯಾವುದು ಕಪ್ಪು ಯಾವುದು ಗೊತ್ತಾಗಲ್ಲ. ಕೆಟ್ಟು ನಿಂತಿದ್ದರೆ ಡ್ರೈವರ್ ಹಿಂದೆ ನಾಲ್ಕು ದಪ್ಪ ಕಲ್ಲಿಟ್ಟು, ಬೇವಿನ ರೆಂಬೆ ಮುರಿದು ಹಾಕಿರುತ್ತಾನೆ. ಅದೇ ಸಿಗ್ನಲ್ಲು. ರಿಪೇರಿ ಆದಮೇಲೆ ಲಾರಿ ಹೊರಟುಹೋಗುತ್ತದೆ, ಕಲ್ಲು ಮಾತ್ರ ರಸ್ತೆಯಲ್ಲೇ. ಮುಂದೆ ಬರುವ ಬೈಕಿನವನಿಗೆ ಅದು ಕಾದಿರುತ್ತದೆ. ಸುಗ್ಗಿ ಬಂದರೆ ಸರ್ವಿಸ್ ರಸ್ತೆ ತುಂಬ ಮೆಕ್ಕೆಜೋಳ. ಒಳಗಿನ ಊರಿನ ರಸ್ತೆಗಳಲ್ಲಿ ಹುರುಳಿ, ರಾಗಿ ಒಕ್ಕಣೆ. ಚಕ್ರ ಜಾರಿದರೆ ಮುಗೀತು. ರೈತರನ್ನು ಬೈದು ಏನು ಪ್ರಯೋಜನ, ಕಣಕ್ಕೆ ಜಾಗ ಎಲ್ಲಿದೆ ಅವರಿಗೆ? ಇದನ್ನು ಬರೆದು ಬರೆದು ಸಾಕಾಗಿದೆ. ರಸ್ತೆ ಬಗ್ಗೆ ಲೇಖನ ಹಾಕಿದ ತಿಂಗಳು ಒಂದು ಪತ್ರವೂ ಬರೋದಿಲ್ಲ. ಶಂಕರ್ ನಾಗ್ ಫೋಟೋ ಮುಖಪುಟಕ್ಕೆ ಹಾಕಿದರೆ ಅಂಗಡಿಯಲ್ಲಿ ಪ್ರತಿ ಉಳಿಯೋದಿಲ್ಲ.

2022ರಲ್ಲಿ ಈ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಸರ್ಕಾರದ್ದೇ ಲೆಕ್ಕ. ದಿನಕ್ಕೆ ನಾನೂರ ಅರವತ್ತಕ್ಕೂ ಜಾಸ್ತಿ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಹಿಂದೆ ಟಾಟಾ ಸನ್ಸ್ ಅಧ್ಯಕ್ಷರಾಗಿದ್ದ ಸೈರಸ್ ಮಿಸ್ತ್ರಿ ಮುಂಬೈ ದಾರಿಯಲ್ಲಿ, ಹಿಂದಿನ ಸೀಟಿನಲ್ಲಿ, ಬೆಲ್ಟ್ ಇಲ್ಲದೆ ಕೂತು ಸತ್ತರು. ತಕ್ಷಣ ಅಲ್ಲೂ ಸಂಚಿನ ವಾಸನೆ ಹಿಡಿದವರು ಬಂದರು. ಆದರೆ ಆ ಸಾವಿನಿಂದ ಒಂದು ಉಪಕಾರ ಆಯಿತು: ಹಿಂದೆ ಕೂತವರೂ ಬೆಲ್ಟ್ ಹಾಕಬೇಕು ಎಂಬ, ಮೊದಲೇ ಇದ್ದು ಯಾರೂ ಕೇಳದ ನಿಯಮ ಒಂದಷ್ಟು ದಿನ ಎಲ್ಲರ ಬಾಯಲ್ಲಿ ಓಡಾಡಿತು. ಸಂಚು ಹುಡುಕುವವರಿಂದ ಇಂಥ ಒಂದು ಉಪಕಾರ ಆಗಿದ್ದನ್ನು ನಾನಂತೂ ಕಂಡಿಲ್ಲ.

ಈ ಉತ್ತರ ಓದಿ ನೀವು ಚಂದಾ ನಿಲ್ಲಿಸುವವರಲ್ಲ ಅಂತ ನನಗೆ ಗೊತ್ತು. ನಾಲ್ಕು ಪುಟ ಬರೆಯುವ ತಾಳ್ಮೆ ಇರುವವರು ಊರಿಗೆ ಬೇಕು, ಅದಕ್ಕೇ ನಿಮಗೊಂದು ಕೆಲಸ ಕೊಡುತ್ತೇನೆ. ವಾರಕ್ಕೊಮ್ಮೆ ದಾವಣಗೆರೆಗೆ ಮಗಳ ಮನೆಗೆ ಬರುತ್ತೀರಿ ಅಂತ ಬರೆದಿದ್ದೀರಲ್ಲ. ದಾರಿಯಲ್ಲಿ ಲೈಟಿಲ್ಲದೆ ನಿಂತ ಲಾರಿ, ಬಿಟ್ಟುಹೋದ ಕಲ್ಲು, ಬಲ್ಬ್ ಹೋದ ಕ್ರಾಸು ಕಂಡರೆ ಒಂದೊಂದು ಫೋಟೋ ತೆಗೆದು ಕಳಿಸಿ. ಜಾಗದ ಹೆಸರು, ತಾರೀಖು, ಹೊತ್ತು ಬರೆದಿರಲಿ. ಬರುವ ಸಂಚಿಕೆಯಿಂದ ಒಂದು ಪುಟ ಅದಕ್ಕೇ ಮೀಸಲು, ಹೆದ್ದಾರಿಯವರಿಗೂ ಜಿಲ್ಲಾಧಿಕಾರಿಗಳಿಗೂ ಒಂದೊಂದು ಪ್ರತಿ ನಾನೇ ತಲುಪಿಸುತ್ತೇನೆ. ಫೋಟೋ ತೆಗೆಯುವಾಗ ಸ್ಕೂಟರನ್ನು ಪೂರ್ತಿ ರಸ್ತೆಯಿಂದ ಕೆಳಗಿಳಿಸಿ, ಇಂಡಿಕೇಟರ್ ಹಾಕಿರಿ.

ನಿಮ್ಮ,
ಸಂಪಾದಕ